ಅರಿಜೋನಾದಲ್ಲಿ ಅತ್ತೆಯವರ ಸಂಡಿಗೆ, ಮಾವನವರ ಮಾತ್ರೆ

ಊರಿನಿಂದ ಹಿರಿಯರು ಬರುವುದಾದರೆ ಚಳಿಗಾಲದಲ್ಲೇ ಬರಲಿ ಎಂಬುದು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಸುತ್ತಮುತ್ತ ನೆಲೆಸಿರುವ ಕನ್ನಡದ ಮನೆಗಳ ಅನುಭವದ ಮಾತು. ಆದರೆ ಮಕ್ಕಳ ಶಾಲೆಗೆ ದೊಡ್ಡ ರಜೆ ಸಿಗುವುದು ಬೇಸಿಗೆಯಲ್ಲೇ ಆದ್ದರಿಂದ, ಮೊಮ್ಮಕ್ಕಳ ಮುಖ ನೋಡಬೇಕೆಂಬ ಆಸೆಯಿಂದ ನನ್ನ ಅತ್ತೆ, ಮಾವ ಜೂನ್ ತಿಂಗಳಲ್ಲೇ ಬಂದಿಳಿದರು. 2023ರಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ದಾಟಿದ್ದ ಊರು ಇದು. ಇಲ್ಲಿ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಬರುವುದು ಬಿಸಿನೀರೇ. "ದಾವಣಗೆರೆಯ ಬಿಸಿಲು ಕಂಡವರು ನಾವು" ಎನ್ನುತ್ತಾ ಕಾರು ಹತ್ತಿದ ಮಾವನವರು ಸೀಟ್ ಬೆಲ್ಟಿನ ಲೋಹದ ಕೊಂಡಿಯನ್ನು ಮುಟ್ಟಿದ ಮೇಲೆ ದಾವಣಗೆರೆಯ ಹೆಸರೆತ್ತಲಿಲ್ಲ.

ಅತ್ತೆಯವರ ದೃಷ್ಟಿಯೇ ಬೇರೆ. ಇಷ್ಟೊಂದು ಬಿಸಿಲು ದಿನವೂ ಪೋಲಾಗುತ್ತಿದೆಯಲ್ಲ ಎಂದು ಮರುಗಿದ ಅವರು, ಹಿತ್ತಿಲಿನಲ್ಲಿ ಹಳೆಯ ಪಂಚೆ ಹಾಸಿ ಸಬ್ಬಕ್ಕಿ ಸಂಡಿಗೆ ಇಟ್ಟರು. ಬೆಳಿಗ್ಗೆ ಇಟ್ಟದ್ದು ಮಧ್ಯಾಹ್ನಕ್ಕೆಲ್ಲ ಗರಿಗರಿಯಾಗಿ ಬಟ್ಟೆಯಿಂದ ತಾನೇ ಎದ್ದು ಬಂದಾಗ ಅವರಿಗಾದ ಸಂತೋಷ ಗ್ರ್ಯಾಂಡ್ ಕ್ಯಾನ್ಯನ್ ಕಂಡಾಗಲೂ ಆಗಲಿಲ್ಲ. ಹುಮ್ಮಸ್ಸಿನಲ್ಲಿ ಮಾರನೆಯ ವಾರ ಮೂರು ಪಂಚೆಗಳಷ್ಟು ಸಂಡಿಗೆ ಇಟ್ಟರು. ಆದರೆ ಇಲ್ಲಿನ ಹವಾಮಾನದವರು ಜೂನ್ 15ರಿಂದ ಸೆಪ್ಟೆಂಬರ್ 30ರ ವರೆಗೆ ಮಾನ್ಸೂನ್ ಎಂದು ಗುರುತಿಸಿದ್ದಾರೆ, ಮತ್ತು ಈ ಮಾನ್ಸೂನಿನಲ್ಲಿ ಎಷ್ಟೋ ಸಲ ಮಳೆಗಿಂತ ಮೊದಲು ಬರುವುದು ಧೂಳು. ದೂರದ ಗುಡುಗುಮಳೆಯ ಮೋಡದಿಂದ ತಣ್ಣನೆಯ ಗಾಳಿ ರಭಸವಾಗಿ ಕೆಳಗೆ ಬಿದ್ದು, ನೆಲದುದ್ದಕ್ಕೂ ಹರಡುತ್ತಾ ಒಣಮಣ್ಣನ್ನೆಲ್ಲ ಎಬ್ಬಿಸಿಕೊಂಡು ಗೋಡೆಯ ಹಾಗೆ ಊರಿನ ಮೇಲೆ ಬರುತ್ತದೆ. 2011ರ ಜುಲೈ 5ರಂದು ಬಂದ, ಹಬೂಬ್ ಎನ್ನುವ ಇಂಥ ಧೂಳಿನ ಗೋಡೆ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರವಿತ್ತು. ನಮ್ಮ ಹಿತ್ತಿಲಿಗೆ ಬಂದದ್ದು ಅದರ ಮುಂದೆ ಮರಿಯಾದರೂ ಒಂದು ಪಂಚೆಯನ್ನು ಪಕ್ಕದ ಮನೆಯ ಈಜುಕೊಳಕ್ಕೆ ದಾಟಿಸಿ, ಉಳಿದೆರಡರ ಸಂಡಿಗೆಗೆ ಕಂದು ಬಣ್ಣ ಬಳಿಯಲು ಅದಕ್ಕೆ ಹತ್ತು ನಿಮಿಷ ಸಾಕಾಯಿತು. ಅತ್ತೆಯವರು ಕೊಡವಿ, ಒರೆಸಿ, ಹಟ ಹಿಡಿದು ಕರಿದರು. ಕಚ್ಚಿದಲ್ಲೆಲ್ಲ ನರನರ ಎನ್ನುತ್ತಿದ್ದ ಅದನ್ನು ಮಾವನವರು "ಖಾರ ಹದವಾಗಿದೆ" ಎಂದು ಹೊಗಳಿದ್ದನ್ನು ದಾಂಪತ್ಯದ ದೊಡ್ಡ ಸಾಧನೆಯೆಂದೇ ನಾನು ಎಣಿಸುತ್ತೇನೆ.

ಮಾವನವರ ಒಲವು ಕಳ್ಳಿಗಳ ಮೇಲೆ. ಸಗುವಾರೋ ಕಳ್ಳಿಗೆ ಮೊದಲ ತೋಳು ಮೂಡಲು ಸಾಮಾನ್ಯವಾಗಿ 50ರಿಂದ 75 ವರ್ಷ ಬೇಕೆಂದು ತಿಳಿದಾಗ, ಎಪ್ಪತ್ತು ದಾಟಿದ ಅವರು ಪುಟ್ಟ ತೋಳೊಂದು ಇಣುಕುತ್ತಿದ್ದ ಗಿಡದ ಮುಂದೆ ನಿಂತು "ನನ್ನ ಓರಗೆಯವನು" ಎಂದರು. ಅನುಮತಿಯಿಲ್ಲದೆ ಅದನ್ನು ಕಡಿಯುವುದು ಇಲ್ಲಿ ಅಪರಾಧ. ಚೋಯಾ ಕಳ್ಳಿಗೆ ಅಂಥ ಕಾನೂನಿನ ರಕ್ಷಣೆಯ ಹಂಗೇ ಬೇಡ. ಅದರ ಮುಳ್ಳಿಗೆ ಹಿಮ್ಮುಖವಾದ ಸೂಕ್ಷ್ಮ ಕೊಕ್ಕೆಗಳಿದ್ದು, ಸ್ವಲ್ಪ ತಗುಲಿದರೂ ಗಿಡದ ಗಿಣ್ಣೇ ಕಳಚಿ ಅಂಟಿಕೊಳ್ಳುತ್ತದೆ. ಮಾವನವರ ಪ್ಯಾಂಟಿಗೆ, ಅದೂ ಎಲ್ಲರೆದುರು ತೋರಿಸಲಾಗದ ಜಾಗದಲ್ಲಿ, ಅಂಥ ಗಿಣ್ಣೊಂದು ಅಂಟಿತು. ಕೈಯಿಂದ ಕಿತ್ತರೆ ಕೈಗೂ ಹತ್ತುವುದರಿಂದ ಇಲ್ಲಿಯವರು ಅದನ್ನು ಬಾಚಣಿಗೆಯಿಂದ ಹಾರಿಸುತ್ತಾರೆ. ತಲೆಯಲ್ಲಿ ಕೂದಲಿಲ್ಲದ ಮಾವನವರನ್ನು ಅವರ ಹೆಂಡತಿ ರಸ್ತೆಬದಿಯಲ್ಲಿ ನಿಲ್ಲಿಸಿ ಬಾಚಿದ ದೃಶ್ಯವನ್ನು ಮೊಮ್ಮಕ್ಕಳು ಈಗಲೂ ಅಭಿನಯಿಸಿ ತೋರಿಸುತ್ತಾರೆ.

ಕಳ್ಳಿಗಿಂತ ಹೆಚ್ಚು ಕಾಡಿದ್ದು ಗಡಿಯಾರ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳುವ ಪದ್ಧತಿಯನ್ನು ಅರಿಜೋನಾ 1967ರಲ್ಲಿ ಅನುಸರಿಸಿ ನೋಡಿ, ಇಲ್ಲಿ ಸೂರ್ಯನನ್ನು ಇನ್ನೂ ಒಂದು ಗಂಟೆ ತಡೆಹಿಡಿಯುವ ಅಗತ್ಯ ಯಾರಿಗೂ ಇಲ್ಲವೆಂದು ಮರುವರ್ಷವೇ ಕೈಬಿಟ್ಟಿತು. ಆದರೆ ರಾಜ್ಯದ ಈಶಾನ್ಯದಲ್ಲಿರುವ ನವಾಹೋ ಎಂಬ ಮೂಲನಿವಾಸಿ ಜನರ ನಾಡು ಅದನ್ನು ಪಾಲಿಸುತ್ತದೆ. ಆ ನಾಡಿನ ನಡುವೆಯೇ ಇರುವ, ಇನ್ನೊಂದು ಮೂಲನಿವಾಸಿ ಗುಂಪಾದ ಹೋಪಿ ಜನರ ನಾಡು ಪಾಲಿಸುವುದಿಲ್ಲ. ಮಾವನವರ ರಕ್ತದೊತ್ತಡದ ಮಾತ್ರೆಗೆ ರಾತ್ರಿ ಎಂಟು ಗಂಟೆಯೆಂದರೆ ಎಂಟೇ ಗಂಟೆ. ನವಾಹೋ ಊರಾದ ಟ್ಯೂಬಾ ಸಿಟಿಯಲ್ಲಿ ಅವರ ಮೊಬೈಲು ಎಂಟು ಎಂದಿತು, ಅವರು ಮಾತ್ರೆ ನುಂಗಿದರು. ಹೆದ್ದಾರಿಯ ಆಚೆಗಿರುವ ಹೋಪಿ ಹಳ್ಳಿ ಮೊಯೆಂಕೋಪಿಯ ಬಳಿಗೆ ಬರುತ್ತಲೇ ಅದೇ ಮೊಬೈಲು ಏಳೂ ಹತ್ತು ಎಂದಿತು. ನುಂಗಿದ್ದು ಯಾವ ಎಂಟು ಗಂಟೆಯ ಮಾತ್ರೆ, ಇನ್ನೊಂದು ಎಂಟು ಗಂಟೆ ಬಂದಾಗ ಏನು ಮಾಡಬೇಕು ಎಂಬ ಚರ್ಚೆಯಲ್ಲಿ ಅವರ ರಕ್ತದೊತ್ತಡ ಖಂಡಿತ ಏರಿರಬೇಕು.

ಕೊನೆಯಲ್ಲಿ ಲೇಕ್ ಹವಾಸು ಸಿಟಿಗೆ ಹೋದೆವು. ಥೇಮ್ಸ್ ನದಿಯ ಮೇಲೆ 1831ರಿಂದ ನಿಂತಿದ್ದ ಲಂಡನ್ ಬ್ರಿಡ್ಜನ್ನು ರಾಬರ್ಟ್ ಮೆಕಲಕ್ ಎಂಬ ಉದ್ಯಮಿ 1968ರಲ್ಲಿ 24,60,000 ಡಾಲರ್ ಕೊಟ್ಟು ಕೊಂಡು, ಹೊರಮೈಯ ಕಲ್ಲುಗಳಿಗೆ ಸಂಖ್ಯೆ ಬರೆಸಿ ಹಡಗಿನಲ್ಲಿ ತರಿಸಿ, ಈ ಮರುಭೂಮಿಯಲ್ಲಿ ಕಾಂಕ್ರೀಟಿನ ಒಡಲಿಗೆ ಹೊದಿಸಿ ನಿಲ್ಲಿಸಿದ. ಸೇತುವೆ ಕಟ್ಟಿದ್ದು ಒಣನೆಲದ ಮೇಲೆ; ಅದರ ಕೆಳಗೆ ಕಾಲುವೆ ತೋಡಿ ನೀರು ಹರಿಸಿದ್ದು ಆಮೇಲೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸವಾದರೂ ಕೂಸು ನಿಜವಾಗಿ ಹುಟ್ಟಿತು, 1971ರಲ್ಲಿ ಸೇತುವೆ ಉದ್ಘಾಟನೆಯೂ ಆಯಿತು. ಮಾವನವರು ಅಲ್ಲಿ ನಿಂತು ಫೋಟೋ ತೆಗೆಸಿಕೊಂಡು, "ಲಂಡನ್ ಬ್ರಿಡ್ಜ್ ಬಳಿ ನಾವು" ಎಂದಷ್ಟೇ ಬರೆದು ನಿವೃತ್ತರ ವಾಟ್ಸಾಪ್ ಗುಂಪಿಗೆ ಕಳಿಸಿದರು. ಇಂಗ್ಲೆಂಡ್ ಪ್ರವಾಸಕ್ಕೆ ಅಭಿನಂದನೆಗಳ ಸುರಿಮಳೆಯಾಯಿತು. ಹಿಂದೆ ಈಚಲಿನಂಥ ಮರಗಳೇಕಿವೆ ಎಂದು ಕೇಳಿದವರು ಒಬ್ಬರೇ, ಅವರಿಗೆ ಮಾವನವರು ಇನ್ನೂ ಉತ್ತರ ಕೊಟ್ಟಿಲ್ಲ.