ಯಾರ ಮುಖ ನೋಡಿ ಕೇಳೋದು?

ಬಸ್ಸಿಂದ ಇಳಿದು, ಬೇಲೂರಲ್ಲಿ ಅಕ್ಕನ ಮನೆ ಸೇರಿ, ಎರಡು ಲೋಟ ಕಾಫಿ ಕುಡಿದರೂ ಸಿಟ್ಟು ಇಳಿದಿಲ್ಲ. "ಬಂದವಳು ಕೂತು ಮಾತಾಡೋದು ಬಿಟ್ಟು ಮೊಬೈಲ್ ಒತ್ತುತಾ ಇದೀಯಲ್ಲೇ" ಅಂತ ಅಕ್ಕ ಬೈಯುತ್ತಿದ್ದಾಳೆ. ಬೈಯಲಿ. ಇದನ್ನು ಬರೆದೇ ಏಳುತ್ತೇನೆ. ಉದ್ದ ಆಗುತ್ತದೆ, ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ. ಹೇಗೂ ಅದನ್ನೇ ಮಾಡುತ್ತೀರಿ.

ಮಧ್ಯಾಹ್ನ ಹಾಸನದ ಬಸ್ ಸ್ಟ್ಯಾಂಡು. ಬೇಲೂರು ಬಸ್ಸು ಇನ್ನೂ ಹೊರಟಿರಲಿಲ್ಲ, ಸೀಟು ಮಾತ್ರ ತುಂಬಿತ್ತು. ಒಬ್ಬ ಅಜ್ಜಿ ಹತ್ತಿದರು. ಒಂದು ಕೈಯಲ್ಲಿ ವೈರ್ ಬ್ಯಾಗು, ಕಂಕುಳಲ್ಲಿ ಎಕ್ಸ್‌ರೇ ಕವರು. ಕವರು ದೊಡ್ಡದು, ಅಜ್ಜಿ ಚಿಕ್ಕವರು. ಅದು ಜಾರುತ್ತಿತ್ತು, ಅವರು ಮೊಣಕೈಯಲ್ಲಿ ಒತ್ತಿ ಮೇಲೆ ತಳ್ಳುತ್ತಿದ್ದರು, ಮತ್ತೆ ಜಾರುತ್ತಿತ್ತು. ಕಂಬಿ ಹಿಡಿದು ನಿಂತು ಕೇಳಿದರು, "ಇದು ಹಗರೆಗೆ ಹೋಯ್ತದಾ?"

ಯಾರನ್ನು ಕೇಳಿದರು? ಯಾರನ್ನೂ ಅಲ್ಲ. ಕೇಳುವುದಕ್ಕೆ ಒಂದು ಮುಖ ಬೇಕಲ್ಲ, ಅದನ್ನೇ ಹುಡುಕುತ್ತಿದ್ದರು. ಮುಂದಿನ ಸೀಟಿಂದ ಶುರು ಮಾಡಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದರು. ಮೊದಲನೇ ಸಾಲಿನ ಬಿಳಿ ಅಂಗಿ ಯಜಮಾನರು ಸರಕ್ಕನೆ ಕಿಟಕಿ ಕಡೆ ತಿರುಗಿದರು. ಕಿಟಕಿಯಾಚೆ ಇದ್ದದ್ದು ಪಕ್ಕದ ಬಸ್ಸಿನ ತಗಡು. ಆ ತಗಡನ್ನು ಅವರು ಬೇಲೂರಿನ ಶಿಲಾಬಾಲಿಕೆ ನೋಡುವ ಹಾಗೆ ನೋಡುತ್ತಿದ್ದರು. ಎರಡನೇ ಸಾಲಿನ ಹೆಂಗಸು ಪರ್ಸಿನ ಜಿಪ್ ಎಳೆದರು, ಹಾಕಿದರು, ಮತ್ತೆ ಎಳೆದರು. ನಾಲ್ಕನೇ ಸಾಲಿನ ಇಬ್ಬರು ಹುಡುಗರು ಕಣ್ಣು ಮುಚ್ಚಿ ನಿದ್ದೆ ಹೋದರು. ಹತ್ತು ಸೆಕೆಂಡ್ ಹಿಂದೆ ಚುರುಮುರಿ ತಿನ್ನುತ್ತಿದ್ದವರು, ಪೊಟ್ಟಣ ಇನ್ನೂ ಕೈಯಲ್ಲೇ ಇದೆ.

ಬಸ್ಸು ಹಗರೆಗೆ ಹೋಗುತ್ತದೆ ಅಂತ ಅಷ್ಟೂ ಜನಕ್ಕೆ ಗೊತ್ತು. ಹಗರೆ ಬಿಟ್ಟು ಬೇಲೂರಿಗೆ ಹಾರೋಕೆ ಅದಕ್ಕೇನು ರೆಕ್ಕೆ ಇದೆಯಾ? "ಹೂಂ" ಅಂತ ಒಂದು ಮಾತು. ಅಷ್ಟೇ. ಆದರೆ ಹೂಂ ಅನ್ನಬೇಕಾದರೆ ಕಣ್ಣು ಕೊಡಬೇಕು, ಕಣ್ಣು ಕೊಟ್ಟರೆ ಆಮೇಲೆ ಸೀಟೂ ಕೊಡಬೇಕಾಗುತ್ತದೆ. ಲೆಕ್ಕ ಇರುವುದೇ ಅಲ್ಲಿ. ಅಜ್ಜಿ ಕಾಣಲಿಲ್ಲ ಅಂತ ಯಾರಾದರೂ ಅಂದರೆ ನಾನು ನಂಬುವುದಿಲ್ಲ. ಕಂಡಿತು. ಕಂಡ ಮೇಲೆ ಕಾಣಲಿಲ್ಲ ಅಂತ ಮಾಡಿಕೊಂಡರು. ನನ್ನ ಜಗಳ ಇರುವುದು ಈ ಮಾಡಿಕೊಳ್ಳುವುದರ ಜೊತೆ.

ಕೊನೆಗೆ ಅಜ್ಜಿ ಐದನೇ ಸಾಲಿನಲ್ಲಿ ಕಿವಿಗೆ ಇಯರ್‌ಫೋನ್ ಚುಚ್ಚಿಕೊಂಡು ಮೊಬೈಲಲ್ಲಿ ಮುಳುಗಿದ್ದ ಕಾಲೇಜು ಹುಡುಗಿಯ ಭುಜ ಮುಟ್ಟಿದರು. ಅವಳು ಬೆಚ್ಚಿಬಿದ್ದು ಒಂದು ಕಿವಿ ಬಿಡಿಸಿಕೊಂಡು, "ಹೋಗುತ್ತೆ ಅಜ್ಜಿ, ಬನ್ನಿ" ಅಂತ ಪಕ್ಕದ ಸೀಟಲ್ಲಿ ಇಟ್ಟಿದ್ದ ಬ್ಯಾಗ್ ತೆಗೆದು ತೊಡೆ ಮೇಲೆ ಇಟ್ಟುಕೊಂಡಳು. ಸೀಟೆಲ್ಲ ತುಂಬಿದೆ ಅಂತ ನಾವೆಲ್ಲ ತೀರ್ಮಾನ ಮಾಡಿದ್ದ ಬಸ್ಸಲ್ಲಿ ಒಂದು ಸೀಟು ಖಾಲಿ ಇತ್ತು. ಹಾಗಾಗಿ ದಯವಿಟ್ಟು ಎಲ್ಲದಕ್ಕೂ ಮೊಬೈಲ್ ಅನ್ನಬೇಡಿ. ಇಡೀ ಬಸ್ಸಲ್ಲಿ ನಿಜವಾಗಿ ನೋಡದೇ ಇದ್ದವಳು ಅವಳೊಬ್ಬಳು, ಮನುಷ್ಯರ ಹಾಗೆ ನಡೆದುಕೊಂಡವಳೂ ಅವಳೊಬ್ಬಳು. ಮೊಬೈಲ್ ಇಲ್ಲದ ಕಾಲದಲ್ಲಿ ನಮ್ಮಪ್ಪನ ವಯಸ್ಸಿನವರು ಬಸ್ಸಲ್ಲಿ ಪೇಪರ್ ಬಿಡಿಸಿ ಅದರ ಹಿಂದೆ ಅಡಗಿ ಕೂರುತ್ತಿದ್ದರು. ಗರ್ಭಿಣಿ ಹತ್ತಿದಳು ಅಂದರೆ ಪೇಪರ್ ಇನ್ನೂ ಎರಡು ಇಂಚು ಮೇಲೆ ಹೋಗುತ್ತಿತ್ತು.

ನಿನಗೇನಮ್ಮ ಕಣ್ಣಿನ ವಿಷಯ ಅಂತ ಹೊಸಬರು ಕೇಳಬಹುದು. ಹಳಬರಿಗೆ ನನ್ನ ಎಡಗಣ್ಣಿನ ಪುರಾಣ ಗೊತ್ತೇ ಇದೆ. ಮೆಳ್ಳೆಗಣ್ಣು. ಬಲಗಣ್ಣು ನಿಮ್ಮನ್ನು ನೋಡುತ್ತಿದ್ದರೆ ಎಡಗಣ್ಣು ನಿಮ್ಮ ಪಕ್ಕದ ಮನೆಯವರ ಯೋಗಕ್ಷೇಮ ವಿಚಾರಿಸುತ್ತಿರುತ್ತದೆ. ಚಿಕ್ಕವಳಿದ್ದಾಗಲೇ ಒಳ್ಳೇ ಕಣ್ಣಿಗೆ ಪಟ್ಟಿ ಕಟ್ಟಿ ಸೋಮಾರಿ ಕಣ್ಣಿಗೆ ಕೆಲಸ ಕೊಡಿಸಬಹುದಿತ್ತಂತೆ, ಆಪರೇಷನ್ನೂ ಮಾಡಿಸಬಹುದಿತ್ತಂತೆ. ನಮ್ಮಜ್ಜಿ ಅದೃಷ್ಟದ ಕಣ್ಣು, ಮುಟ್ಟಬೇಡಿ ಅಂದುಬಿಟ್ಟರು. ಅದೃಷ್ಟ ಹೇಗಿತ್ತು ಅಂದರೆ ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಲ್ಲಿ ಕೂತು "ನೆಕ್ಸ್ಟ್" ಅಂದಾಗಲೆಲ್ಲ ಇಬ್ಬರು ಬರುತ್ತಿದ್ದರು. ಇಬ್ಬರಿಗೂ ನಾನು ಕರೆದದ್ದು ತಮ್ಮನ್ನೇ ಅಂತ ಖಾತ್ರಿ. ಎನ್.ಆರ್. ಸರ್ಕಲ್ಲಲ್ಲಿ ರಸ್ತೆ ದಾಟುವಾಗ ಮಾತ್ರ ಇದರಿಂದ ನಿಜವಾದ ಲಾಭ ಇದೆ. ನಮ್ಮೂರಲ್ಲಿ ನಾವು ಡ್ರೈವರ್ ಕಣ್ಣು ನೋಡಿದೆವು ಅಂದರೆ ಕೆಟ್ಟೆವು, ಇವಳು ನನ್ನನ್ನು ನೋಡಿದ್ದಾಳೆ, ನಿಂತುಕೊಳ್ಳುತ್ತಾಳೆ ಅಂತ ಅವನು ಹಾಗೇ ನುಗ್ಗುತ್ತಾನೆ. ನಾನು ನೋಡಿದೆನಾ ಇಲ್ಲವಾ ಅಂತ ಯಾರಿಗೂ ತಿಳಿಯುವುದಿಲ್ಲ, ಎಲ್ಲರೂ ಬ್ರೇಕ್ ಹಾಕುತ್ತಾರೆ.

ಇಂಥಾ ಕಣ್ಣು ಇಟ್ಟುಕೊಂಡು ನಾನು ಐವತ್ತು ವರ್ಷದಿಂದ ಅಪರಿಚಿತರ ಮುಖ ನೋಡಿ ನಗುತ್ತಾ ಬಂದಿದ್ದೇನೆ. ಎದುರಿಗಿರುವವರಿಗೆ ಯಾವ ಕಣ್ಣಿಗೆ ನಗಬೇಕು ಅಂತ ಗೊಂದಲ ಆಗುತ್ತದೆ, ಹಣೆ ನೋಡುತ್ತಾರೆ, ಮೂಗು ನೋಡುತ್ತಾರೆ, ಆದರೂ ನಗುತ್ತಾರೆ. ನಗುತ್ತಿದ್ದರು ಅನ್ನಬೇಕೇನೋ. ಎರಡು ಕಣ್ಣೂ ನೆಟ್ಟಗಿರುವ ನಿಮಗೆ ಏನು ರೋಗ?

ಮಹಾರಾಜ ಪಾರ್ಕಿನ ಕಥೆ ಕೇಳಿ. ಬೆಳಿಗ್ಗೆ ಆರಕ್ಕೆ ಹೋಗುತ್ತೇನೆ. ನಾನು ಬಲಸುತ್ತು, ಕೆಲವರು ಎಡಸುತ್ತು, ಹಾಗಾಗಿ ಅದೇ ಮುಖ ಸುತ್ತಿಗೆ ಎರಡು ಸಲ ಎದುರಾಗುತ್ತದೆ. ಮೊದಲನೇ ಸಲ ಕಣ್ಣು ಸೇರಿದರೆ ಸಣ್ಣ ನಗು, ಸರಿ. ಎರಡನೇ ಸಲ? ಮತ್ತೆ ನಕ್ಕರೆ ಜಾಸ್ತಿ ಆಯಿತು, ನಗದಿದ್ದರೆ ಆಗಲೇ ನಕ್ಕಿದ್ದು ಸುಳ್ಳಾಯಿತು. ಮೂರನೇ ಸಲ ಇಬ್ಬರೂ ಮರದ ಮೇಲೆ ಏನೋ ಹಕ್ಕಿ ಕಂಡವರ ಹಾಗೆ ಕತ್ತೆತ್ತುತ್ತೇವೆ. ಈ ಕಷ್ಟ ನನಗೂ ಅರ್ಥ ಆಗುತ್ತದೆ, ಇದಕ್ಕೆ ಮಾಫಿ ಇದೆ. ಮಾಫಿ ಇಲ್ಲದ್ದು ಯಾವುದು ಅಂದರೆ, ಮೊದಲನೇ ಸುತ್ತಿಗೇ ಹಕ್ಕಿ ನೋಡುವವರು. ಮೂವತ್ತು ಅಡಿ ದೂರದಿಂದ ನನ್ನನ್ನು ಪೂರ್ತಿ ಅಳೆದು, ಚಪ್ಪಲಿ ಸಮೇತ, ಹತ್ತು ಅಡಿಗೆ ಬಂದಾಗ ಮುಖ ಬಾಗಿಲು ಹಾಕಿದಂತೆ ಹಾಕಿಕೊಳ್ಳುತ್ತಾರಲ್ಲ, ಅವರು. ನಾನೇನು ಸಾಲ ಕೇಳುತ್ತೇನಾ? ಸಾಲ ಕೊಡುವ ಕಡೆ ಕೂತಿದ್ದವಳು ನಾನು.

ಇದನ್ನೆಲ್ಲ ಮೈಸೂರಲ್ಲಿ ಸಮಾಜಶಾಸ್ತ್ರ ಓದುತ್ತಿರುವ ನಮ್ಮಣ್ಣನ ಮಗನಿಗೆ ಫೋನಲ್ಲಿ ಹೇಳಿದೆ. "ಅತ್ತೆ, ಅದು ಸೊಕ್ಕಲ್ಲ, ಮರ್ಯಾದೆ" ಅಂದ. ಎರ್ವಿಂಗ್ ಗಾಫ್‌ಮನ್ ಅಂತ ಒಬ್ಬರು 1963ರಲ್ಲೇ ಇದಕ್ಕೊಂದು ಹೆಸರು ಕೊಟ್ಟಿದ್ದಾರಂತೆ. ಕನ್ನಡದಲ್ಲಿ ಹೇಳು ಅಂದೆ, ತಿಣುಕಾಡಿ "ಸಭ್ಯ ಅಲಕ್ಷ್ಯ" ಅಂದ. ಊರು ದೊಡ್ಡದಾದಾಗ ಕಂಡಕಂಡವರನ್ನೆಲ್ಲ ಮಾತಾಡಿಸೋಕೆ ಆಗಲ್ಲ, ಅವರ ಪಾಡಿಗೆ ಅವರನ್ನು ಬಿಡುವುದೇ ಗೌರವ ಅಂತ. ಚೆನ್ನಾಗಿದೆ. ಆದರೆ ಪೂರ್ತಿ ಓದಿ ಹೇಳು ಅಂತ ಜಗ್ಗಿದಾಗ ಹೊರಗೆ ಬಂತು ನೋಡಿ: ಗಾಫ್‌ಮನ್ ಹೇಳಿದ್ದು ಮೊದಲು ಒಂದು ಸಲ ನೋಡಿ, ನೀನಿದ್ದೀಯ, ನಾನು ಕಂಡೆ ಅಂತ ತೋರಿಸಿ, ಆಮೇಲೆ ಕಣ್ಣು ತೆಗೀರಿ ಅಂತ! ನಮ್ಮವರು ಆ ಮೊದಲನೇ ಅರ್ಧವನ್ನು ನುಂಗಿ ಎರಡನೇ ಅರ್ಧಕ್ಕೆ ಮರ್ಯಾದೆ ಅಂತ ಹೆಸರಿಟ್ಟುಕೊಂಡಿದ್ದಾರೆ. ಹುಡುಗ ಸೋಲು ಒಪ್ಪದೆ ಇನ್ನೊಂದು ಎಸೆದ. ಲಂಡನ್ನಿನ ವಿಜ್ಞಾನ ಮ್ಯೂಸಿಯಂನಲ್ಲಿ ಸುಮಾರು 500 ಜನರಿಗೆ, ಕಣ್ಣಿಟ್ಟು ನೋಡುವ ಮುಖಗಳ ವಿಡಿಯೋ ತೋರಿಸಿ, ಎಷ್ಟು ಹೊತ್ತಾದರೆ ಹಿತ ಅನ್ನಿಸುತ್ತದೆ ಅಂತ ಕೇಳಿದ್ದರಂತೆ. 2016ರಲ್ಲಿ ಬಂದ ಲೆಕ್ಕ, ಸರಾಸರಿ 3.3 ಸೆಕೆಂಡ್. ನಾನು ಅರ್ಧ ಸೆಕೆಂಡಿಗೇ ತೃಪ್ತಿ ಕಣೋ, ಉಳಿದ 2.8 ನೀನೇ ಇಟ್ಟುಕೋ ಅಂದೆ.

ಈಗ ನನ್ನ ಗೆಳತಿಯರೇ ಜಗಳಕ್ಕೆ ಬರುತ್ತಾರೆ ಅಂತ ಗೊತ್ತು. ಬಸ್ಸಲ್ಲಿ ಕಣ್ಣಿಗೆ ಕಣ್ಣು ಕೊಟ್ಟರೆ ಏನಾಗುತ್ತದೆ ಅಂತ ನಿನಗೆ ಗೊತ್ತಿಲ್ವಾ, ಒಂದು ಸಲ ನಕ್ಕರೆ ಸ್ಟಾಪಿನ ತನಕ ಹಿಂದೆ ಬರುತ್ತಾರೆ, ಅದಕ್ಕೇ ತಲೆ ತಗ್ಗಿಸುತ್ತೇವೆ ಅಂತ. ಗೊತ್ತಮ್ಮ. "ತಲೆ ತಗ್ಗಿಸಿ ನಡಿ" ಅಂತ ನನಗೂ ಅಮ್ಮ ಹೇಳಿಯೇ ಕಳಿಸುತ್ತಿದ್ದದ್ದು. ಆದರೆ ಗುರಾಯಿಸುವುದು ನೋಡುವುದಲ್ಲ. ಮುಳ್ಳಯ್ಯನಗಿರಿಗೆ ಹೋದಾಗ ಕೋತಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಹಲ್ಲು ಕಿರಿದು ಮೈಮೇಲೆ ಬರುತ್ತದೆ. ಅದಕ್ಕೆ ಅದು ಜಗಳದ ಕರೆ. ಶ್ರವಣಬೆಳಗೊಳದ ಕಡೆಯವರಿಗಂತೂ ಹೇಳಿಕೊಡಬೇಕಾಗಿಲ್ಲ. ಸೈನ್ಯ ಸಾಯುವುದು ಬೇಡ, ಅಣ್ಣತಮ್ಮ ಇಬ್ಬರೇ ಹೋರಾಡಿ ಅಂದಾಗ ಭರತ, ಬಾಹುಬಲಿ ಮೊದಲು ಮಾಡಿದ್ದೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಲ್ಲ ಆಮೇಲೆ. ರೆಪ್ಪೆ ಮಿಟುಕಿಸದೆ ನೋಡಿದರೆ ಅದು ಯುದ್ಧ ಅಂತ ಆ ಕಾಲದವರಿಗೇ ಗೊತ್ತಿತ್ತು. ಬಸ್ಸಲ್ಲಿ ಗುರಾಯಿಸುವವನು ಮಾಡುವುದು ಅದನ್ನೇ, ಬಾಹುಬಲಿಯ ಹಾಗೆ ಗೆದ್ದದ್ದನ್ನು ಬಿಟ್ಟು ಹೋಗುವ ಯೋಗ್ಯತೆ ಮಾತ್ರ ಇಲ್ಲ. ಅವನಿಗೆ ಕಣ್ಣು ಕೊಡಬೇಡಿ, ಅಗತ್ಯ ಬಿದ್ದರೆ ಚಪ್ಪಲಿ ಕೊಡಿ. ಆದರೆ ಎಕ್ಸ್‌ರೇ ಹಿಡಿದ ಅಜ್ಜಿ ಹಿಂದೆ ಬರುತ್ತಾರಾ?

ಇನ್ನು ಆಟಿಸಂ ಇರುವವರು, ವಿಪರೀತ ನಾಚಿಕೆಯವರು, ಅವರ ಮಾತು ಬೇರೆ. ಕಣ್ಣು ಸೇರಿಸುವುದೇ ಹಿಂಸೆ ಆಗುವ ಮಕ್ಕಳನ್ನು "ನನ್ನ ಕಣ್ಣು ನೋಡಿ ಮಾತಾಡು" ಅಂತ ಗಲ್ಲ ಹಿಡಿದು ತಿರುಗಿಸುವ ಮೇಷ್ಟ್ರುಗಳನ್ನು ಕಂಡರೆ ನನಗೆ ಆಗುವುದಿಲ್ಲ. ನನ್ನ ಗಲ್ಲವನ್ನೂ ಹಾಗೆ ತಿರುಗಿಸಿದ್ದಾರೆ. ತಿರುಗಿಸಿದ ಮೇಲೆ "ನೋಡು ಅಂದರೆ ಎಲ್ಲೋ ನೋಡ್ತೀಯಾ" ಅಂತ ಹೊಡೆದಿದ್ದಾರೆ.

ಸರಿ, ಬಿಡಿ.

ನಮ್ಮ ಊರಿನ ತಮಾಷೆ ನೋಡಿ. ವರ್ಷಕ್ಕೊಂದು ಸಲ, ಆಶ್ವೀಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆ ಬಾಗಿಲು ತೆಗೆಯುತ್ತದೆ. ಗಂಟೆಗಟ್ಟಲೆ ಸಾಲಲ್ಲಿ ನಿಲ್ಲುತ್ತೇವೆ. ಒಳಗೆ ಸಿಗುವುದು ಎರಡು ಸೆಕೆಂಡ್, "ನಡೀರಿ ನಡೀರಿ" ಅಂತ ತಳ್ಳುತ್ತಾರೆ. ಹೊರಗೆ ಬಂದವರು ಏನು ಹೇಳುತ್ತಾರೆ? "ಅಮ್ಮ ಕಣ್ಣು ಬಿಟ್ಟು ನೋಡಿದಳು ಕಣ್ರೀ." ಆ ಎರಡು ಸೆಕೆಂಡ್ ನೋಟಕ್ಕೆ ಬಿಸಿಲಲ್ಲಿ ನಿಂತವರು, ಅಷ್ಟು ಹೊತ್ತೂ ಮುಂದೆ ನಿಂತವರ ಬೆನ್ನು ನೋಡಿದ್ದು ಬಿಟ್ಟರೆ ಒಬ್ಬರ ಮುಖವನ್ನೂ ನೋಡಿರುವುದಿಲ್ಲ. ಹೋದ ಸಲ ನನ್ನ ಹಿಂದಿದ್ದವರು ನಾಲ್ಕು ಗಂಟೆ ನನ್ನ ಸೆರಗಿಗೆ ಉಸಿರು ಬಿಟ್ಟು, ಪ್ರಸಾದದ ಹತ್ತಿರ ಎದುರಾದಾಗ ಹಕ್ಕಿ ನೋಡಿದರು. ಅಲ್ಲಿ ಮರವೂ ಇರಲಿಲ್ಲ.

2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಫ್ರೀ ಆಯಿತಲ್ಲ, ನನಗೆ ಅದರಲ್ಲಿ ಟಿಕೆಟ್ ದುಡ್ಡಿಗಿಂತ ದೊಡ್ಡ ಉಪಕಾರ ಆಗಿರುವುದು ಬೇರೆ. ಕಂಡಕ್ಟರ್ ಆಧಾರ್ ಕಾರ್ಡಿನ ಫೋಟೋ ನೋಡಿ ಒಂದು ಸಲ ಮುಖ ನೋಡುತ್ತಾರೆ. ಇವತ್ತಿನವರು ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. "ಅದೇ ಕಣ್ಣು, ಡೌಟ್ ಬೇಡ" ಅಂದೆ. ನಕ್ಕುಬಿಟ್ಟರು. ಸರ್ಕಾರ ಆದೇಶ ಹೊರಡಿಸಿದ ಮೇಲೆ ಒಬ್ಬರಾದರೂ ನೋಡುವಂತಾಯಿತು.

ಇಷ್ಟು ಬರೆದು ಮೇಲಿಂದ ಓದಿದೆ. ಮೊದಲನೇ ಸಾಲು, ಎರಡನೇ ಸಾಲು, ನಾಲ್ಕನೇ ಸಾಲು, ಐದನೇ ಸಾಲು ಎಲ್ಲ ಇದೆ. ಮೂರನೇದು ಎಲ್ಲಿ ಹೋಯಿತು ಅಂತ ಯಾರಾದರೂ ಗಮನಿಸಿದಿರಾ?

ಮೂರನೇ ಸಾಲಲ್ಲಿ, ಓಡಾಡುವ ದಾರಿಯ ಪಕ್ಕ, ನಾನು ಕೂತಿದ್ದೆ. ಅಜ್ಜಿ ಬಿಳಿ ಅಂಗಿಯವರನ್ನು ದಾಟಿ, ಪರ್ಸಿನ ಹೆಂಗಸನ್ನು ದಾಟಿ ನನ್ನ ಮುಖಕ್ಕೇ ಬಂದು ನಿಂತರು. ನನಗೆ ಬಲಮಂಡಿ ನೋವು, ನಿಮಗೆಲ್ಲ ಗೊತ್ತಿರುವುದೇ. ಎದ್ದರೆ ಬೇಲೂರಿನ ತನಕ ನಿಂತೇ ಹೋಗಬೇಕು ಅನ್ನುವುದು ತಲೆಯಲ್ಲಿ ಓಡಿತು. ನಾನು ತಗಡು ನೋಡಲಿಲ್ಲ, ಜಿಪ್ ಎಳೆಯಲಿಲ್ಲ, ನಿದ್ದೆ ಮಾಡಲಿಲ್ಲ. ನನಗೆ ಅದರ ಅಗತ್ಯವೇ ಇಲ್ಲವಲ್ಲ. ಸುಮ್ನೆ ಮುಖ ಹಾಗೇ ಇಟ್ಟುಕೊಂಡೆ. ನನ್ನ ಕಣ್ಣು ಎಲ್ಲಿ ನೋಡುತ್ತಿದೆ ಅಂತ ಯಾರಿಗೆ ಗೊತ್ತಾಗುತ್ತದೆ? ಅಜ್ಜಿ ಎಡಗಣ್ಣು ನೋಡಿದರು, ಅದು ಎತ್ತಲೋ ಇತ್ತು. ಓ, ಇವಳು ನನ್ನನ್ನು ನೋಡುತ್ತಿಲ್ಲ ಅಂತ ಅಂದುಕೊಂಡರು ಅಂತ ನಾನು ಅಂದುಕೊಂಡೆ. ಅವರು ಮುಂದೆ ಹೋದರು.

ಐವತ್ತು ವರ್ಷ ಆ ಕಣ್ಣಿಗಾಗಿ ಜನರನ್ನು ಬೈದಿದ್ದೇನೆ. ಅದನ್ನು ಪೇಪರಿನ ಹಾಗೆ ಬಿಡಿಸಿ ಅದರ ಹಿಂದೆ ಅಡಗಿದ್ದು ಇವತ್ತೇ ಮೊದಲು. ಮೊದಲು ಅಂತಲೇ ಬರೆಯುತ್ತೇನೆ, ಪೂರ್ತಿ ಯೋಚನೆ ಮಾಡಿದರೆ ಇನ್ನೂ ನಾಲ್ಕೈದು ಸಿಕ್ಕಾವು.

ಹಗರೆ ಹತ್ತಿರ ಬಂದಾಗ ಅಜ್ಜಿ ಎದ್ದು ಮುಂದೆ ಬಂದರು. ಬಸ್ಸು ಬ್ರೇಕ್ ಹಾಕಿದ್ದಕ್ಕೆ ತೂರಾಡಿ ನನ್ನ ಸೀಟಿನ ಕಂಬಿ ಹಿಡಿದುಕೊಂಡರು. ಅಂಗಡಿಯ ಬೋರ್ಡುಗಳು ಕಾಣುತ್ತಿದ್ದವು, ಇಳಿಯುವವರು ಆಗಲೇ ಬಾಗಿಲಲ್ಲಿದ್ದರು, ಕಂಡಕ್ಟರ್ "ಹಗರೆ, ಹಗರೆ" ಅಂತ ಎರಡು ಸಲ ಕೂಗಿದ್ದರು. ಆದರೂ ಅಜ್ಜಿ ಬಗ್ಗಿ ನನ್ನ ಬಲಗಣ್ಣನ್ನು, ಸರಿಯಾಗಿ ಬಲಗಣ್ಣನ್ನೇ ನೋಡಿ ಕೇಳಿದರು, "ಹಗರೆ ಇದೇಯ ಕಣವ್ವ?"

ಯಾವ ಕಣ್ಣು ಅಂತ ಗೊತ್ತಾಗೋಕೆ ನಮ್ಮ ಬ್ಯಾಂಕಿನವರಿಗೆ ಎರಡು ವರ್ಷ ಹಿಡಿದಿತ್ತು.

"ಇದೇ ಅಜ್ಜಿ" ಅಂದೆ. ಎಕ್ಸ್‌ರೇ ಕವರನ್ನು ನನ್ನ ತೊಡೆ ಮೇಲೆ ಹಾಕಿ, "ಹಿಡ್ಕೊಂಡಿರು" ಅಂತ ಹೇಳಿ, ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಧಾನ ಇಳಿದರು. ನಾನು ಎದ್ದು, ಕಿಟಕಿ ಪಕ್ಕದವರನ್ನು ಸ್ವಲ್ಪ ಸರಿಯಿರಿ ಅಂತ ಹೇಳಿ, ಕವರನ್ನು ಕಿಟಕಿಯಿಂದ ಕೆಳಗೆ ಕೊಟ್ಟೆ.