ಆಲ್ಬಮ್ಮನ್ನು ಹಾಡು ಹಾಡಾಗಿ ಅಳೆಯಬಹುದೇ?

ಆಲ್ಟರ್ನೇಟಿವ್ ರಾಕ್ (ಜನಪ್ರಿಯ ರಾಕ್ ಸಂಗೀತದ ಜಾಡು ಬಿಟ್ಟು ಬೆಳೆದ ಬಗೆ) ಆಲ್ಬಮ್ ಕೇಳಿ, ಅದರ ಒಂದೊಂದು ಹಾಡಿಗೂ ಎರಡು ಮೂರು ಸಾಲಿನ ಅಭಿಪ್ರಾಯ ಬರೆಯುವ ರೂಢಿ ನಮ್ಮ ಕೇಳುಗರಲ್ಲಿ ಹೆಚ್ಚುತ್ತಿದೆ. ಇದು ಒಳ್ಳೆಯದೇ? ಮಂಗಳೂರಿನ ಕೇಳುಗರೊಬ್ಬರು ಹೌದು ಎನ್ನುತ್ತಾರೆ. ಉಡುಪಿಯವರೊಬ್ಬರು ಒಪ್ಪುವುದಿಲ್ಲ.

ಪರ

ನಮ್ಮ ಕಡೆ ಯಕ್ಷಗಾನ ನೋಡಿ ಬಂದವರನ್ನು ಆಟ ಹೇಗಿತ್ತು ಎಂದು ಕೇಳಿ ನೋಡಿ. ಚೆನ್ನಾಗಿತ್ತು ಎಂದಷ್ಟೇ ಹೇಳಿ ಸುಮ್ಮನಾಗುವವರು ಕಡಿಮೆ. ಭಾಗವತರು ಯಾವ ಪದ್ಯವನ್ನು ಎಷ್ಟು ಸೊಗಸಾಗಿ ಎತ್ತಿದರು, ಯಾವುದನ್ನು ಬೇಡದಷ್ಟು ಎಳೆದರು, ಚೆಂಡೆ ಎಲ್ಲಿ ಅತಿಯಾಯಿತು, ಯಾರ ಪ್ರವೇಶ ಸಪ್ಪೆಯಾಯಿತು ಎಂದು ಒಂದೊಂದನ್ನೇ ಬಿಡಿಸಿ ಹೇಳುತ್ತಾರೆ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ರಾಗ, ತಾಳಗಳನ್ನು ಶಾಸ್ತ್ರವಾಗಿ ಕಲಿತವರಲ್ಲ. ಆದರೂ ಅವರ ಮಾತಿಗೆ ಬೆಲೆಯಿದೆ. ರಾಕ್ ಆಲ್ಬಮ್ ಕೇಳಿದವರು ಅದೇ ಸಲಿಗೆಯಿಂದ ತಮಗನಿಸಿದ್ದನ್ನು ಹಾಡು ಹಾಡಿಗೂ ಬರೆದರೆ ಅದನ್ನು ಹಗುರವೆಂದು ತಳ್ಳಿಹಾಕುವುದೇಕೆ?

ಚರ್ಚಿನ ಗಾಯನ ತಂಡದಲ್ಲಿ ಗಿಟಾರ್ ಹಿಡಿದು ಬೆಳೆದವರು, ಕೊಂಕಣಿ ಕ್ಯಾಸೆಟ್ಟುಗಳ ನಡುವೆ ಅಣ್ಣನ ಇಂಗ್ಲಿಷ್ ಕ್ಯಾಸೆಟ್ ಕಂಡುಕೊಂಡವರು, ಮಣಿಪಾಲದ ಹಾಸ್ಟೆಲಿನಲ್ಲಿ ಗೆಳೆಯರ ಕಂಪ್ಯೂಟರಿನಿಂದ ಹಾಡು ನಕಲು ಮಾಡಿಕೊಂಡವರು: ಇಲ್ಲಿ ಈ ಸಂಗೀತವನ್ನು ಉಳಿಸಿಕೊಂಡಿರುವವರು ಇಂಥವರೇ. ಇಂಗ್ಲಿಷ್ ಪತ್ರಿಕೆಗಳ ವಿಮರ್ಶೆ ಓದಿದಾಗ ಇವರ ಬಾಯಿ ಕಟ್ಟುತ್ತದೆ. ತಲೆಮಾರಿನ ದನಿ, ದಶಕದ ಆತಂಕ ಎಂಬಂಥ ದೊಡ್ಡ ಮಾತುಗಳ ಮುಂದೆ ತಮ್ಮ ಅನಿಸಿಕೆ ಯಾವ ಲೆಕ್ಕ ಎಂದುಕೊಳ್ಳುತ್ತಾರೆ. ಆದರೆ ‘ಮೂರನೆಯ ಹಾಡಿನ ಬೇಸ್ ಗಿಟಾರ್ ಬಹಳ ಹಿಡಿಸಿತು, ಐದನೆಯದು ಅರ್ಧಕ್ಕೇ ಮುಗಿಯಬೇಕಿತ್ತು’ ಎಂದು ಬರೆಯಲು ಅಂಥ ಮಾತು ಬೇಕಿಲ್ಲ. ಕಿವಿಯೊಂದಿದ್ದರೆ ಸಾಕು. ಕನ್ನಡದಲ್ಲಿ ಈ ಸಂಗೀತದ ಕುರಿತ ಬರವಣಿಗೆ ಬೆಳೆಯಬೇಕಾದರೆ ಅದು ಇಲ್ಲಿಂದಲೇ ಮೊದಲಾಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಇದರಲ್ಲಿ ಶಿಸ್ತೂ ಇದೆ. ಸಾಲಾಗಿ ಬರೆಯಲು ಕುಳಿತವರು ಯಾವ ಹಾಡನ್ನೂ ಹಾರಿಸುವಂತಿಲ್ಲ. ನಿರ್ವಾಣ ಬ್ಯಾಂಡಿನ ‘ನೆವರ್‌ಮೈಂಡ್’ 1991ರ ಸೆಪ್ಟೆಂಬರಿನಲ್ಲಿ ಬಂತು. ಅದರ ಮೊದಲ ಹಾಡು ಗೊತ್ತಿಲ್ಲದವರಿಲ್ಲ. ಹನ್ನೆರಡನೆಯದಾದ ‘ಸಮ್‌ಥಿಂಗ್ ಇನ್ ದ ವೇ’ ತನಕ ಹೋಗುವವರೆಷ್ಟು? ಇಡೀ ತಂಡ ಸೇರಿ ನುಡಿಸಿದಾಗ ಆ ಹಾಡು ಕೂಡಿಬರಲಿಲ್ಲ. ಕೊನೆಗೆ ತಂಡದ ಗಾಯಕ ಕರ್ಟ್ ಕೊಬೇನ್ ಧ್ವನಿಮುದ್ರಣದ ಕೊಠಡಿಯ ಸೋಫಾದ ಮೇಲೆ ಮಲಗಿ, ಶ್ರುತಿ ತಪ್ಪಿದ ಹಳೆಯ ಗಿಟಾರನ್ನು ಮೀಟುತ್ತ ಪಿಸುದನಿಯಲ್ಲಿ ಹಾಡಿದರು. ನಿರ್ಮಾಪಕ ಬುಚ್ ವಿಗ್ ಅದನ್ನೇ ಹಿಡಿದಿಟ್ಟರು. ಡ್ರಮ್ಸ್, ಚೆಲ್ಲೊ ಎಲ್ಲವೂ ಆಮೇಲೆ ಅದರ ಮೇಲೆ ಸೇರಿದವು. ಅದೇ ಆಲ್ಬಮ್ಮಿನ ‘ಪಾಲಿ’ ಇನ್ನೂ ಹಿಂದಿನದು. ಉಳಿದ ಹಾಡುಗಳು 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮುದ್ರಣವಾದರೆ ಇದು 1990ರ ಏಪ್ರಿಲಿನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಿನಲ್ಲಿ ಆದದ್ದು. ಅದರಲ್ಲಿ ಕೇಳಿಬರುವ ಸಿಂಬಲ್ (ಡ್ರಮ್ಸ್ ಜೊತೆಯ ಲೋಹದ ತಟ್ಟೆ) ತಂಡದ ಡ್ರಮ್ಸ್ ವಾದಕ ಡೇವ್ ಗ್ರೋಲ್ ಅವರದ್ದಲ್ಲ, ಅವರಿಗಿಂತ ಮುಂಚೆ ತಂಡದಲ್ಲಿದ್ದ ಚಾಡ್ ಚಾನಿಂಗ್ ಅವರದ್ದು. ‘ನೆವರ್‌ಮೈಂಡ್ ಅದ್ಭುತ’ ಎಂಬ ಒಂದೇ ಮಾತಿನಲ್ಲಿ ಇದೆಲ್ಲ ಹೂತುಹೋಗುತ್ತದೆ.

ಆಲ್ಬಮ್ ಎಂದರೆ ಒಡೆಯಬಾರದ ಒಂದೇ ಕೃತಿ ಎನ್ನುವವರಿಗೆ ಇನ್ನೂ ಒಂದು ಸಂಗತಿ. ರೇಡಿಯೊಹೆಡ್ ತಂಡದ ‘ಓಕೆ ಕಂಪ್ಯೂಟರ್’ 1997ರದ್ದು. ಅದರೊಳಗಿನ ‘ಲಕ್ಕಿ’ 1995ರಲ್ಲೇ, ಬೋಸ್ನಿಯಾ ಯುದ್ಧದಲ್ಲಿ ನೊಂದ ಮಕ್ಕಳ ನೆರವಿನ ಆಲ್ಬಮ್ಮಿಗಾಗಿ ಸಿದ್ಧವಾದದ್ದು. ‘ಎಕ್ಸಿಟ್ ಮ್ಯೂಸಿಕ್’ ಒಂದು ಸಿನಿಮಾದ ಕೊನೆಯ ಹೆಸರುಪಟ್ಟಿಗೆಂದು ಬರೆದದ್ದು. ಬೇರೆ ಬೇರೆ ಕಾಲಕ್ಕೆ, ಬೇರೆ ಬೇರೆ ಕಾರಣಕ್ಕೆ ಹುಟ್ಟಿದ ಹಾಡುಗಳನ್ನು ಬೇರೆ ಬೇರೆಯಾಗಿಯೇ ಮಾತನಾಡಿಸಿದರೆ ತಪ್ಪೇನು? ಸ್ಮ್ಯಾಶಿಂಗ್ ಪಂಪ್ಕಿನ್ಸ್ ತಂಡದ 1995ರ ‘ಮೆಲನ್ ಕೊಲಿ’ಯಂತೂ ಎರಡು ಸಿ.ಡಿ.ಗಳಲ್ಲಿ 28 ಹಾಡುಗಳ ರಾಶಿ, ಎರಡು ಗಂಟೆಗೂ ಮಿಕ್ಕಿದ್ದು. ಮರುವರ್ಷ ಅದೇ ಆಲ್ಬಮ್ ಗ್ರಾಮಫೋನ್ ತಟ್ಟೆಗಳಲ್ಲಿ ಬಂದಾಗ ಹಾಡುಗಳ ಸಂಖ್ಯೆ 30 ಆಯಿತು, ಕ್ರಮವೂ ಬದಲಾಯಿತು. ಯಾವ ಕ್ರಮವನ್ನು ಪವಿತ್ರವೆಂದು ಕಣ್ಣಿಗೊತ್ತಿಕೊಳ್ಳಬೇಕು?

ಹಾಡಿಗೊಂದು ಸ್ವಂತ ಆಯುಷ್ಯವಿದೆ. ‘ಓಕೆ ಕಂಪ್ಯೂಟರ್’ನ ಐದನೆಯ ಹಾಡು ‘ಲೆಟ್ ಡೌನ್’ ಬಂದ ಕಾಲಕ್ಕೆ ಅದರ ನೆರೆಯ ‘ಕರ್ಮ ಪೊಲೀಸ್’ನಷ್ಟು ಹೆಸರು ಮಾಡಲಿಲ್ಲ. ಸುಮಾರು ಮೂರು ದಶಕ ಕಳೆದು, 2025ರಲ್ಲಿ ಎಳೆಯ ಕೇಳುಗರು ಅದನ್ನು ಪುಟ್ಟ ವಿಡಿಯೊಗಳಲ್ಲಿ ಹಂಚಿ ಹಂಚಿ ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯ ನೂರು ಹಾಡುಗಳ ಪಟ್ಟಿಗೆ ಏರಿಸಿದರು. ಆಲ್ಬಮ್ಮಿನ ಕೀರ್ತಿ ಎಷ್ಟೇ ದೊಡ್ಡದಿರಲಿ, ಆ ಹಾಡನ್ನು ಎತ್ತಿದ್ದು ‘ಇದೊಂದನ್ನು ಕೇಳು’ ಎಂದು ಬೊಟ್ಟುಮಾಡಿ ತೋರಿಸಿದ ಸಾಮಾನ್ಯ ಕೇಳುಗರು. ಹಾಡು ಹಾಡಿಗೂ ಬರೆಯುವವರು ಮಾಡುವುದೂ ಅದನ್ನೇ. ಅವರ ಮಾತು ತಪ್ಪೆನಿಸಿದರೆ ಯಾವ ಹಾಡಿನ ಯಾವ ಜಾಗದಲ್ಲಿ ತಪ್ಪೆಂದು ನಾವು ಎದುರು ಹೇಳಬಹುದು. ಇಡೀ ಆಲ್ಬಮ್ ಶ್ರೇಷ್ಠ ಎಂದವರೊಡನೆ ಜಗಳವಾಡಲು ಎಲ್ಲಿ ಹಿಡಿ ಸಿಗುತ್ತದೆ?

ವಿರೋಧ

ಆಟದ ಉದಾಹರಣೆಯಿಂದಲೇ ಹೊರಡುತ್ತೇನೆ. ಪದ್ಯ ಪದ್ಯವನ್ನು ತೂಗುವ ಆ ಪ್ರೇಕ್ಷಕರು ರಾತ್ರಿಯಿಡೀ ಕುಳಿತು ಮಂಗಳ ಹಾಡುವವರೆಗೂ ನೋಡಿದವರು. ಇಂಥ ಪದ್ಯ ಎಳೆದಂತಾಯಿತು ಎಂದು ಅವರು ಹೇಳುವಾಗ ಹಿಂದಿನ ಸನ್ನಿವೇಶ ಯಾವುದು, ಮುಂದೆ ಬರಬೇಕಿದ್ದ ಪಾತ್ರ ಯಾವುದು ಎಂಬುದು ಅವರ ತಲೆಯಲ್ಲಿರುತ್ತದೆ. ಪ್ರಸಂಗ ಮೊದಲು, ಪದ್ಯದ ತೀರ್ಪು ಆಮೇಲೆ. ಹಾಡು ಮುಗಿದ ಕೂಡಲೇ ತಡೆದು ನಿಲ್ಲಿಸಿ, ಎರಡು ಸಾಲು ಬರೆದು, ಹತ್ತಕ್ಕೆ ಆರೂವರೆ ಅಂಕ ಕೊಟ್ಟು ಮುಂದಿನದಕ್ಕೆ ಹೋಗುವ ಈ ರೂಢಿಯಲ್ಲಿ ಪ್ರಸಂಗವೇ ಇಲ್ಲ.

‘ಲಕ್ಕಿ’ 1995ರಲ್ಲಿ ಹುಟ್ಟಿತು, ನಿಜ. ಆದರೆ ಅದನ್ನು ಹನ್ನೊಂದನೆಯ ಜಾಗದಲ್ಲಿ ಕೂರಿಸಿದ್ದು ಏಕೆ ಎಂದು ನನ್ನ ಮಂಗಳೂರಿನ ಗೆಳತಿ ಕೇಳಲಿಲ್ಲ. ‘ಓಕೆ ಕಂಪ್ಯೂಟರ್’ ತೆರೆದುಕೊಳ್ಳುವುದು ‘ಏರ್‌ಬ್ಯಾಗ್’ನಿಂದ, ಕಾರು ಅಪಘಾತದಲ್ಲಿ ಪ್ರಾಣ ಉಳಿಸಿಕೊಂಡವನ ಬೆರಗಿನಿಂದ. ‘ಲಕ್ಕಿ’ಯಲ್ಲಿ ಒಬ್ಬ ವಿಮಾನ ಅಪಘಾತದಿಂದ ತನ್ನನ್ನು ಎಳೆದು ತೆಗೆಯಿರಿ ಎನ್ನುತ್ತಾನೆ. ಅದರ ಬೆನ್ನಿಗೇ ಬರುವ ಕೊನೆಯ ಹಾಡು ‘ದ ಟೂರಿಸ್ಟ್’ ಹೇಳುವುದು ವೇಗ ತಗ್ಗಿಸು ಎಂದು. ಹೇಳಿದಂತೆಯೇ ಆ ಹಾಡು ತಾನೂ ನಿಧಾನವಾಗಿ ಸಾಗಿ, ಗಂಟೆ ಬಾರಿಸಿದ ಒಂದು ಸದ್ದಿಗೆ ನಿಲ್ಲುತ್ತದೆ. ನೆರವಿನ ಆಲ್ಬಮ್ಮಿನಲ್ಲಿ ‘ಲಕ್ಕಿ’ ಒಂದು ಒಳ್ಳೆಯ ಹಾಡಾಗಿತ್ತು. ಇಲ್ಲಿ ಅದು ಮೊದಲ ಹಾಡಿಗೆ ಕೊಟ್ಟ ಉತ್ತರ. ಹುಟ್ಟಿದ ದಿನಾಂಕದಿಂದಷ್ಟೇ ಹಾಡಿನ ಅರ್ಥ ಮುಗಿಯುವುದಿಲ್ಲ, ಅದು ಯಾವುದರ ಪಕ್ಕದಲ್ಲಿ ನಿಂತಿದೆ ಎಂಬುದೂ ಅರ್ಥವೇ.

ಅದೇ ಆಲ್ಬಮ್ಮಿನ ಏಳನೆಯದು, ‘ಫಿಟ್ಟರ್ ಹ್ಯಾಪಿಯರ್’. ಕಂಪ್ಯೂಟರಿನ ಯಾಂತ್ರಿಕ ದನಿ ಎರಡು ನಿಮಿಷವೂ ತುಂಬದಷ್ಟು ಹೊತ್ತು ಒಳ್ಳೆಯ ಬಾಳಿನ ಪಟ್ಟಿಯೊಂದನ್ನು ಓದುತ್ತದೆ. ನಾನು ಓದಿದ ಬಿಡಿ ಟಿಪ್ಪಣಿಗಳಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ತೀರ್ಪು: ಇದು ಹಾಡೇ ಅಲ್ಲ, ಮುಂದೆ ಹೋಗಿ. ಖಂಡಿತ ಅದು ಹಾಡಲ್ಲ. ಆದರೆ ‘ಕರ್ಮ ಪೊಲೀಸ್’ನ ಕೊನೆ ಕರ್ಕಶ ಸದ್ದಿನಲ್ಲಿ ಕುಸಿದ ಮೇಲೆ ಆ ತಣ್ಣನೆಯ ದನಿ, ಅದು ಮುಗಿಯುತ್ತಲೇ ‘ಎಲೆಕ್ಷನಿಯರಿಂಗ್’ನ ಗಿಟಾರಿನ ಅಬ್ಬರ! ನಡುವೆ ಆ ಜೀವವಿಲ್ಲದ ಮಾತು ಇಲ್ಲದಿದ್ದರೆ ಈ ಅಬ್ಬರಕ್ಕೆ ಇಷ್ಟು ರೊಚ್ಚು ಎಲ್ಲಿಂದ ಬರುತ್ತಿತ್ತು?

ನನ್ನ ವಾದದ ತಿರುಳು ಇರುವುದು ಅದೇ ತಂಡದ 2000ದ ‘ಕಿಡ್ ಎ’ಯಲ್ಲಿ. ಆ ಆಲ್ಬಮ್ಮಿನಿಂದ ಒಂದೇ ಒಂದು ಹಾಡನ್ನೂ ತಂಡದವರು ಬಿಡಿಯಾಗಿ ಬಿಡುಗಡೆ ಮಾಡಲಿಲ್ಲ. ಹತ್ತರಲ್ಲಿ ನಾಲ್ಕನೆಯದು ‘ಹೌ ಟು ಡಿಸಪಿಯರ್ ಕಂಪ್ಲೀಟ್ಲಿ’. ತಂಡದ ಜಾನಿ ಗ್ರೀನ್‌ವುಡ್ ಸಂಯೋಜಿಸಿದ ಪಿಟೀಲುಗಳ ಅಲೆ ಮೇಲೇರಿ, ಶ್ರುತಿ ಕಲಕಿ, ಮತ್ತೆ ಕೂಡಿಕೊಳ್ಳುತ್ತದೆ. ಅದನ್ನು ಕೇಳಿ ಎದೆ ಭಾರವಾದವರಿಗೆ ಕೂಡಲೇ ಇನ್ನೊಂದು ಹಾಡು ಬೇಕೇ? ಬೇಡ. ಆದ್ದರಿಂದಲೇ ಐದನೆಯದಾಗಿ ‘ಟ್ರೀಫಿಂಗರ್ಸ್’ ಇದೆ. ಅದರಲ್ಲಿ ಮಾತಿಲ್ಲ, ತಾಳವಿಲ್ಲ. ತಂಡದ ಗಿಟಾರ್ ವಾದಕ ಎಡ್ ಒಬ್ರಿಯನ್ ನುಡಿಸಿದ ಗಿಟಾರನ್ನು ಗುರುತೇ ಸಿಗದಂತೆ ಕರಗಿಸಿ ಮಾಡಿದ ನಾದ ಅದು. ಅದರ ನಂತರ ‘ಆಪ್ಟಿಮಿಸ್ಟಿಕ್’ನ ಡ್ರಮ್ಸ್ ಬಂದಾಗ ನೆಲ ಕಾಲಿಗೆ ಸಿಕ್ಕಂತಾಗುತ್ತದೆ. ‘ಟ್ರೀಫಿಂಗರ್ಸ್’ ಒಂದನ್ನೇ ಎತ್ತಿ ‘ಏನೂ ಆಗುವುದಿಲ್ಲ, ಬೇಸರ’ ಎಂದು ಬರೆದವರ ಮಾತು ಸುಳ್ಳಲ್ಲ. ಆದರೆ ಏನೂ ಆಗದಿರುವುದೇ ಅದಕ್ಕೆ ಒಪ್ಪಿಸಿದ ಕೆಲಸ. ಮುಂದೆ ‘ಇಡಿಯೊಟೆಕ್’ ಮುಗಿಯುವ ಮೊದಲೇ ‘ಮಾರ್ನಿಂಗ್ ಬೆಲ್’ನ ತಾಳ ಬಂದು ಕೈ ಹಿಡಿಯುತ್ತದೆ. ಇವೆರಡರ ನಡುವೆ ನಿಲ್ಲಿಸಿ ಅಂಕ ಬರೆಯುವವರು ಗೀಟು ಎಲ್ಲಿ ಎಳೆಯುತ್ತಾರೆ?

ಸಂಖ್ಯೆಯೇ ಇಲ್ಲದ ಸಂಗೀತವೂ ಉಂಟು. ಪರ್ಲ್ ಜ್ಯಾಮ್ ತಂಡದ 1991ರ ‘ಟೆನ್’ ಆರಂಭವಾಗುವ ಮತ್ತು ಮುಗಿಯುವ ಆ ಮಂದ್ರ ನಾದ ಒಂದೇ, ಹೊದಿಕೆಯ ಹಾಡುಪಟ್ಟಿಯಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ. ಗೆಳತಿ ಅಷ್ಟು ಪ್ರೀತಿಯಿಂದ ವಿವರಿಸಿದ ‘ಸಮ್‌ಥಿಂಗ್ ಇನ್ ದ ವೇ’ ಮುಗಿದ ಮೇಲೆ ಸಿ.ಡಿ.ಯಲ್ಲಿ ಸುಮಾರು ಹತ್ತು ನಿಮಿಷ ಮೌನವಿದೆ. ಬಳಿಕ ಪಟ್ಟಿಯಲ್ಲಿಲ್ಲದ ಗದ್ದಲವೊಂದು ಸಿಡಿಯುತ್ತದೆ. ಮೊದಲ ಮುದ್ರಣದ ಪ್ರತಿಗಳಲ್ಲಿ ಅದು ಕೈಬಿಟ್ಟುಹೋಗಿತ್ತು, ಬೇಕೆಂದೇ ಮತ್ತೆ ಸೇರಿಸಿದರು. ಪಿಸುದನಿಯ ಹಾಡು, ಮೌನ, ಗದ್ದಲ ಮೂರೂ ಸೇರಿದರೇ ಆ ಕೊನೆ. ಹನ್ನೆರಡನೆಯ ಸಂಖ್ಯೆಯ ಎದುರು ಎರಡು ಸಾಲು ಬರೆದವರಿಗೆ ಇದು ಕಾಣಿಸುವುದೇ ಇಲ್ಲ.

‘ಮೆಲನ್ ಕೊಲಿ’ಯ ಕ್ರಮ ಬದಲಾಯಿತಲ್ಲ ಎಂಬ ಪ್ರಶ್ನೆ ಜಾಣತನದ್ದು. ಬದಲಾಯಿತು, ಆದರೆ ಯಾರೋ ಕಲೆಸಿ ಚೆಲ್ಲಿದ್ದಲ್ಲ. ಮೂರು ತಟ್ಟೆಗಳ ಆರು ಮುಖಗಳಿಗೆ ಹೊಂದುವಂತೆ ಹೊಸದಾಗಿ ಜೋಡಿಸಿದ್ದು. ಜೋಡಣೆ ಮುಖ್ಯವಲ್ಲದಿದ್ದರೆ ಆ ಶ್ರಮವೇಕೆ? ಪಾಪ್ ಗಾಯಕಿ ಅಡೆಲ್ 2021ರಲ್ಲಿ ಕೇಳಿಕೊಂಡ ಮೇಲೆ ಅಂತರ್ಜಾಲದಲ್ಲಿ ಹಾಡು ಕೇಳಿಸುವ ಸ್ಪಾಟಿಫೈ ಸಂಸ್ಥೆ ಆಲ್ಬಮ್ ಪುಟದ ಮುಖ್ಯ ಗುಂಡಿಯಿಂದ ಹಾಡುಗಳ ಕ್ರಮ ಕಲೆಸುವ (ಶಫಲ್) ಏರ್ಪಾಟನ್ನು ತೆಗೆಯಿತು. ಕ್ರಮಕ್ಕಾಗಿ ಹಟ ಹಿಡಿಯುವುದು ರಾಕ್ ಪ್ರಿಯರ ಗೀಳಷ್ಟೇ ಅಲ್ಲ.

ಬಾಯಿ ಕಟ್ಟಿದ ಕೇಳುಗರಿಗೆ ಧೈರ್ಯ ಬರಬೇಕು ಎಂಬ ಕಾಳಜಿ ನನಗೂ ಇದೆ. ಆದರೆ ಹಾಡಿಗೆ ಎರಡು ಸಾಲು ಎಂಬ ಅಚ್ಚು ಆ ಧೈರ್ಯವನ್ನು ಅಲ್ಲಿಗೇ ನಿಲ್ಲಿಸುತ್ತದೆ. ಬರೆಯುತ್ತ ಹೋದಂತೆ ಮಾತು ‘ಹಿಡಿಸಿತು, ಹಿಡಿಸಲಿಲ್ಲ’ ಎಂಬಷ್ಟಕ್ಕೆ ಇಳಿಯುತ್ತದೆ. ಕಿವಿಯೂ ಅದಕ್ಕೇ ಒಗ್ಗಿ, ಹಾಡು ಶುರುವಾದ ಅರೆ ನಿಮಿಷಕ್ಕೆ ತೀರ್ಪು ಹುಡುಕುತ್ತದೆ. ಮಂಗಳೂರಿನಿಂದ ಉಡುಪಿಗೆ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತರೆ ಪಡುಬಿದ್ರಿ, ಕಾಪು ದಾಟಿ ಇಳಿಯುವಷ್ಟರಲ್ಲಿ ‘ಕಿಡ್ ಎ’ ಪೂರ್ತಿ ಮುಗಿದಿರುತ್ತದೆ. ಅಷ್ಟು ಹೊತ್ತು ಫೋನನ್ನು ಜೇಬಿನಲ್ಲೇ ಇಟ್ಟು ಕೇಳಿರಿ. ಆಮೇಲೆ ಮೂರೇ ಹಾಡಿನ ಬಗ್ಗೆ ಬರೆದರೂ ಸರಿ, ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟುವಾಗ ಏನಾಯಿತು ಎಂಬುದು ಅದರಲ್ಲಿರಲಿ. ಅಂಥ ಬರಹವನ್ನು ಕನ್ನಡದಲ್ಲಿ ಓದಲು ನಾನು ಕಾಯುತ್ತಿದ್ದೇನೆ, ನನ್ನ ಗೆಳತಿಯೇ ಅದನ್ನು ಬರೆದರೆ ಇನ್ನೂ ಸಂತೋಷ.