ಕುರ್ಚಿ ಯಾಕೆ ಕಟ್ಟಿಡಲಿಲ್ಲ?

ಆ ವಿಡಿಯೋ ಮತ್ತೆ ಬಂತು. ನೀವೂ ನೋಡಿದ್ದೀರಿ, ಇಲ್ಲ ಅನ್ನಬೇಡಿ. ದೊಡ್ಡ ಹಡಗಿನ ಹಾಲ್. ಕುರ್ಚಿ, ಟೇಬಲ್, ಮನುಷ್ಯರು ಎಲ್ಲ ಒಟ್ಟಿಗೆ ಎಡಕ್ಕೆ ಜಾರುತ್ತಾರೆ, ಆಮೇಲೆ ಒಟ್ಟಿಗೆ ಬಲಕ್ಕೆ. ಕಂಬ ಸಿಕ್ಕವರು ಕಂಬ ಅಪ್ಪಿಕೊಳ್ಳುತ್ತಾರೆ. ಈ ಸಲ ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದ ಒಕ್ಕಣೆ ಹೀಗಿತ್ತು: "ಬ್ರೇಕಿಂಗ್. ಈಗಷ್ಟೇ ಕಾರವಾರದ ಹತ್ತಿರ ಸಮುದ್ರದಲ್ಲಿ. ಎಲ್ಲರೂ ಪ್ರಾರ್ಥನೆ ಮಾಡಿ." ನಾನು ಕಾರವಾರದಲ್ಲೇ ಕೂತಿದ್ದೆ. ಕಿಟಕಿಯಿಂದ ಸಮುದ್ರ ಕಾಣುತ್ತದೆ. ತೆಂಗಿನ ಗರಿ ಮೇಲೆ ಒಂದು ಕಾಗೆ ತೂಕಡಿಸುತ್ತಿತ್ತು.

ಅದು 2008ರ ವಿಡಿಯೋ. ಪೆಸಿಫಿಕ್ ಸನ್ ಅನ್ನೋ ಹಡಗು ನ್ಯೂಜಿಲೆಂಡ್ ಕಡೆ ಬಿರುಗಾಳಿಗೆ ಸಿಕ್ಕಿತ್ತು, 77 ಜನಕ್ಕೆ ಪೆಟ್ಟಾಗಿತ್ತು. ಅವರೆಲ್ಲ ಗುಣವಾಗಿ ಮನೆಗೆ ಹೋಗಿ ಎಷ್ಟೋ ವರ್ಷವಾದರೂ ಆ ಕುರ್ಚಿಗಳಿಗೆ ಮಾತ್ರ ಬಿಡುಗಡೆ ಇಲ್ಲ. ನನ್ನ ಫೋನಿನಲ್ಲೇ ಅವು ಒಮ್ಮೆ ಚೆನ್ನೈ ಹತ್ತಿರ ಜಾರಿವೆ, ಒಮ್ಮೆ ಮುಂಬೈ ಹತ್ತಿರ. ಈಗ ಕಾರವಾರಕ್ಕೆ ಬಂದಿವೆ.

ಆದರೆ ಗ್ರೂಪಿನಲ್ಲಿ ಗಾಬರಿ ನಿಜವಾಗಿಯೇ ಆಯಿತು. ಯಾಕೆಂದರೆ ನಮ್ಮ ಭಾವ ಅದೇ ವಾರ ಕ್ರೂಸ್ ಹಡಗಿನಲ್ಲಿದ್ದರು. ಕಾರವಾರದ ಹತ್ತಿರ ಅಲ್ಲ, ಕೆರಿಬಿಯನ್ ಸಮುದ್ರದಲ್ಲಿ. ಭಾವ ಅಂದರೆ ಅಕ್ಕನ ಗಂಡ, ಅವರೂ ನನ್ನನ್ನು ಭಾವ ಅಂತಲೇ ಕರೆಯೋದು. ಶಿರಸಿ ಹತ್ತಿರ ಅಡಿಕೆ ತೋಟ, ಕೊಳೆರೋಗದ ಮಾತು ತೆಗೆದರೆ ಒಂದು ತಾಸು ಬಿಡುವವರಲ್ಲ. ಮಗ ಅಮೆರಿಕದಲ್ಲಿ. ಅವನು ಅಪ್ಪ ಅಮ್ಮನಿಗೆ ಸೆಪ್ಟೆಂಬರ್ ತಿಂಗಳಿಗೆ ಟಿಕೆಟ್ ಮಾಡಿದ್ದ. ಆಗ ರೇಟು ಕಡಿಮೆಯಂತೆ. ಕಡಿಮೆ ಯಾಕೆ ಅಂದರೆ ಅಲ್ಲಿ ಜೂನ್ 1ರಿಂದ ನವೆಂಬರ್ 30ರ ತನಕ ಹರಿಕೇನ್ ಸೀಸನ್, ಅಂದರೆ ಚಂಡಮಾರುತದ ಕಾಲ, ಸೆಪ್ಟೆಂಬರ್ ಅದರ ನಡುಮಧ್ಯ. ನಮ್ಮಲ್ಲಿ ಆಷಾಢ ಸೇಲ್ ಹಾಕಿದ ಹಾಗೆ. ವ್ಯತ್ಯಾಸ ಇಷ್ಟೇ, ಆಷಾಢದಲ್ಲಿ ಸೀರೆ ತಗೊಂಡರೆ ಸೀರೆ ಅಲ್ಲಾಡುವುದಿಲ್ಲ.

ಹರಿಕೇನ್ ಬಂತು. "ಭಾವ, ಹ್ಯಾಂಗಿದ್ದಿ? ಹುಷಾರಾ?" ಅಂತ ನಾವೆಲ್ಲ ಮೇಲಿಂದ ಮೇಲೆ ಮೆಸೇಜ್ ಹಾಕಿದೆವು. ಉತ್ತರವಾಗಿ ಒಂದು ಫೋಟೊ ಬಂತು. ಪ್ಲೇಟಿನಲ್ಲಿ ಐದು ಬಣ್ಣದ ಐಸ್‌ಕ್ರೀಂ.

"ಹಡಗು ಸಣ್ಣಕೆ ಅಲ್ಲಾಡ್ತಾ ಇದ್ದು. ಊಟ ಮಾತ್ರ ಭಾರೀ ಚೊಲೋ ಇದ್ದು. ತಂಬ್ಳಿ ಒಂದು ಇಲ್ಲೆ."

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ನಾನು ಹುಡುಗನಾಗಿದ್ದಾಗ ಅಜ್ಜನ ಮನೆಯಲ್ಲಿ ಹರಿಕೇನ್ ಅಂದರೆ ಲಾಟೀನು. ಗಾಳಿಗೆ ಆರದ ಲಾಟೀನು, ಅದಕ್ಕೇ ಆ ಹೆಸರು. ಸಂಜೆ ಅಜ್ಜಿ ಬೂದಿ ಹಾಕಿ ಅದರ ಗಾಜು ಒರೆಸುತ್ತಿದ್ದಳು, ಅಜ್ಜ ಅದನ್ನು ಹಿಡಿದು ಕೊಟ್ಟಿಗೆಗೆ ಹೋಗುತ್ತಿದ್ದ. "ಹರಿಕೇನು ಎಲ್ಲಿಟ್ಟೆ?" ಅಂತ ಮನೆ ತುಂಬ ಹುಡುಕುತ್ತಿದ್ದರು. ಭೂಗೋಳದ ಮಾಸ್ತರು ಹರಿಕೇನ್ ಬಂದು ಊರೇ ಹಾಳಾಯಿತು ಅಂದಾಗ ನಾನು ಲಾಟೀನು ಬಿದ್ದು ಬೆಂಕಿ ಹತ್ತಿರಬೇಕು ಅಂದುಕೊಂಡಿದ್ದೆ. ಈಗ ನಾನೇ ಮಾಸ್ತರಾಗಿ ರಿಟೈರ್ ಆಗಿದ್ದೇನೆ. ಕರೆಂಟ್ ಮಾತ್ರ ಇನ್ನೂ ಹಾಗೇ ಇದೆ. ಎಲ್ಲೋ ಗಾಳಿ ಬೀಸಬಹುದು ಅಂತ ಟಿವಿಯಲ್ಲಿ ಹೇಳಿದರೆ ಸಾಕು, ಇಲ್ಲಿ ಲೈನ್ ಹೋಗುತ್ತದೆ. ಭಾವನ ಐಸ್‌ಕ್ರೀಂ ಫೋಟೊ ನಾನು ನೋಡಿದ್ದು ಶೇಕಡಾ 4 ಬ್ಯಾಟರಿಯಲ್ಲಿ.

ಸರಿ, ಹಡಗಿಗೆ ಬರೋಣ. ನಾನು ಇಷ್ಟು ವರ್ಷ ಕ್ರೂಸ್ ಹಡಗು ಹರಿಕೇನ್ ಎದುರಿಸಿ ನಿಲ್ಲುತ್ತದೆ ಅಂದುಕೊಂಡಿದ್ದೆ. ಇಲ್ಲವಂತೆ. ಓಡಿಹೋಗುತ್ತದಂತೆ. ಇದು ನನಗೆ ಬಹಳ ಹಿಡಿಸಿತು. ಸುಳಿಯೊಳಗೆ ಗಾಳಿ ಗಂಟೆಗೆ 200 ಕಿ.ಮೀ. ತಿರುಗುತ್ತಿದ್ದರೂ ಇಡೀ ಹರಿಕೇನ್ ಮುಂದಕ್ಕೆ ಸರಿಯೋದು ಸಾಮಾನ್ಯವಾಗಿ ಗಂಟೆಗೆ 15-25 ಕಿ.ಮೀ., ಅಂದರೆ ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವ ಬಸ್ಸಿನಷ್ಟು. ಹಡಗು 35-40ರಲ್ಲಿ ಹೋಗುತ್ತದೆ. ಹಾಗಾಗಿ ಕ್ಯಾಪ್ಟನ್ ನಕಾಶೆ ನೋಡುತ್ತಾನೆ, ಪೂರ್ವದ ದ್ವೀಪಗಳಿಗೆ ಹೋಗಬೇಕಿದ್ದ ಹಡಗನ್ನು ಪಶ್ಚಿಮಕ್ಕೆ ತಿರುಗಿಸುತ್ತಾನೆ, ಮೈಕಿನಲ್ಲಿ ಸಾರಿ ಅನ್ನುತ್ತಾನೆ, ಊಟ ಮುಂದುವರಿಯುತ್ತದೆ. ಕಂಪನಿಗಳು ಹವಾಮಾನ ನೋಡಲಿಕ್ಕೇ ಬೇರೆ ಪಂಡಿತರನ್ನು ಇಟ್ಟಿವೆ. 2016ರಲ್ಲಿ ಆಂಥೆಮ್ ಆಫ್ ದಿ ಸೀಸ್ ಅನ್ನೋ ಹಡಗು ಅಮೆರಿಕದ ಪೂರ್ವ ಕರಾವಳಿಯಲ್ಲಿ ಚಳಿಗಾಲದ ಬಿರುಗಾಳಿಯೊಳಗೇ ನುಗ್ಗಿ, ಜನ ರೂಮಿನಲ್ಲಿ ಮಂಚ ಹಿಡಿದು ಕೂತಿದ್ದರು. ಹಡಗು ಅರ್ಧದಾರಿಯಿಂದ ವಾಪಸ್ ಬಂತು. ಕಂಪನಿ ಅಷ್ಟೂ ಜನರ ದುಡ್ಡು ವಾಪಸ್ ಕೊಟ್ಟಿತು, ಮೇಲಿಂದ ಮುಂದಿನ ಪ್ರವಾಸಕ್ಕೆ ಅರ್ಧ ದರ ಅಂತ ಚೀಟಿ ಕೊಟ್ಟಿತು.

2017ರಲ್ಲಿ ಇನ್ನೂ ಚೆಂದದ ಕಥೆ. ಹಾರ್ವೆ ಹರಿಕೇನ್ ಬಂದು ಟೆಕ್ಸಾಸಿನ ಗ್ಯಾಲ್ವೆಸ್ಟನ್ ಬಂದರು ಮುಚ್ಚಿತು. ಪ್ರವಾಸ ಮುಗಿಸಿ ಬರಬೇಕಿದ್ದ ಹಡಗುಗಳಿಗೆ ಇಳಿಯಲು ಜಾಗವೇ ಇಲ್ಲ. ಜನ ಪಾಪ ಸಮುದ್ರದಲ್ಲೇ ಇನ್ನೂ ಕೆಲವು ದಿನ ಉಣ್ಣಬೇಕಾಯಿತು. ಮಳೆಗಾಲದಲ್ಲಿ ಮದುವೆಗೆ ಬಂದ ನೆಂಟರು ಹಳ್ಳದ ಕಾಲುಸಂಕ ಮುಳುಗಿ ನಾಲ್ಕು ದಿನ ಅಲ್ಲೇ ಉಳಿದ ಹಾಗೆ. ಅಲ್ಲಿ ಅಡುಗೆಯವರು ಮಾತ್ರ ಬೈಯಲಿಲ್ಲ, ಅಷ್ಟೇ.

ಹಡಗು ಅಲ್ಲಾಡದಿರಲಿ ಅಂತ ಅದರ ಹೊಟ್ಟೆಯ ಎರಡೂ ಬದಿಗೆ ಮೀನಿನ ರೆಕ್ಕೆಯಂಥದ್ದು ಇರುತ್ತದಂತೆ. ಅಲೆ ಜಾಸ್ತಿಯಾದರೆ ಈಜುಕೊಳದ ನೀರು ಖಾಲಿ ಮಾಡುತ್ತಾರೆ, ಹೊರಗಿನ ಡೆಕ್‌ಗೆ ಬೀಗ ಹಾಕುತ್ತಾರೆ, ಮೆಟ್ಟಿಲ ಹತ್ತಿರ ವಾಂತಿ ಚೀಲ ಸಿಕ್ಕಿಸುತ್ತಾರೆ, ಹಸಿರು ಸೇಬು ಕೊಡುತ್ತಾರೆ. ಸೇಬು ತಿಂದರೆ ತಲೆ ಸುತ್ತು ಕಡಿಮೆಯಂತೆ. ಭಾವ ಎರಡು ತಿಂದು ಮೂರನೆಯದನ್ನು ಜೇಬಿಗೆ ಹಾಕಿಕೊಂಡರು. ನೆನಪಿರಲಿ, ಕುಮಟಾಕ್ಕೆ ಬರುವಾಗ ದೇವಿಮನೆ ಘಟ್ಟದ ಎರಡನೇ ತಿರುವಿಗೇ ಕಿಟಕಿಯಿಂದ ತಲೆ ಹೊರಗೆ ಹಾಕುವ ಮನುಷ್ಯ ಇವರು. ನಮ್ಮಲ್ಲಿ ವ್ಯವಸ್ಥೆ ಏನು? ಒಂದು ಲಿಂಬೆಹಣ್ಣು, ಒಂದು ಅವೊಮಿನ್ ಮಾತ್ರೆ, ಕೆಳಗೊಂದು ಪೇಪರ್ ಹಾಸಿ ಅದರ ಮೇಲೆ ಕೂರೋದು. ಪೇಪರಿಗೂ ವಾಂತಿಗೂ ಏನು ಸಂಬಂಧ ಅಂತ ಇವತ್ತಿಗೂ ಯಾರೂ ಹೇಳಿಲ್ಲ. ಹಡಗಿನಲ್ಲಿ ಡಾಕ್ಟರ್ ಬೇರೆ ಇದ್ದಾರಂತೆ. ನಮ್ಮ ಜಿಲ್ಲೆಯವರು ಒಂದು ಒಳ್ಳೆಯ ದೊಡ್ಡಾಸ್ಪತ್ರೆ ಕೊಡಿ ಅಂತ ಕೇಳಿ ಕೇಳಿ ಸಾಕಾಗಿದೆ. ಏನಾದರೂ ದೊಡ್ಡದಾದರೆ ಗೋವಾ, ಮಂಗಳೂರು, ಇಲ್ಲವೇ ಹುಬ್ಬಳ್ಳಿ. ಇನ್ನು ಮೇಲೆ ಆಸ್ಪತ್ರೆ ಕೇಳೋದು ಬಿಟ್ಟು ಒಂದು ಹಡಗು ಕೇಳೋಣ ಅನಿಸುತ್ತದೆ.

ಹಡಗು ನಮ್ಮಲ್ಲೂ ಇದೆ ಅನ್ನಿ. ಕಾರವಾರದ ಬೀಚಿನಲ್ಲಿ ಐಎನ್‌ಎಸ್ ಚಾಪಲ್ ಅನ್ನೋ ಹಳೆ ಯುದ್ಧನೌಕೆ ಮರಳ ಮೇಲೆ ಕೂತಿದೆ. ಟಿಕೆಟ್ ತಗೊಂಡು ಹತ್ತಬಹುದು. ಯಾವ ಹರಿಕೇನಿಗೂ ಅಲ್ಲಾಡುವುದಿಲ್ಲ.

ನಮ್ಮ ಮುನ್ಸೂಚನೆಯನ್ನೂ ಹೊಗಳಲೇಬೇಕು. ಬಣ್ಣ ಬಣ್ಣದ್ದು. ಹಳದಿ ಅಂದರೆ ಹಪ್ಪಳ ಒಳಗೆ ತನ್ನಿ. ಕಿತ್ತಳೆ ಅಂದರೆ ಅಂಗಳದ ಬಟ್ಟೆಯನ್ನೂ ತನ್ನಿ. ಕೆಂಪು ಅಂದರೆ ಮಕ್ಕಳು ರಾತ್ರಿಯಿಡೀ ರಜೆ ಆದೇಶಕ್ಕೆ ಕಾಯುತ್ತಾರೆ. ರಾತ್ರಿ ಹತ್ತಕ್ಕೆ ನಕಲಿ ಆದೇಶ ಬರುತ್ತದೆ, ಸೀಲು ಸಹಿ ಎಲ್ಲ ಸಮೇತ. ಬೆಳಿಗ್ಗೆ ಮಕ್ಕಳು ಯೂನಿಫಾರ್ಮ್ ಹಾಕಿ, ನೆನೆದು, ಶಾಲೆಗೆ ತಲುಪಿದ ಮೇಲೆ ಅಸಲಿ ಆದೇಶ. ಆಮೇಲೆ ಅಚ್ಚುಕಟ್ಟಾಗಿ ಬಿಸಿಲು ಬೀಳುತ್ತದೆ.

ಚಂಡಮಾರುತಕ್ಕೆ ಹೆಸರಿಡುವ ಗಮ್ಮತ್ತು ಬೇರೆ. ನಮ್ಮ ಕಡೆಯ ಸಮುದ್ರಕ್ಕೆ 13 ದೇಶಗಳು ಸೇರಿ ಹೆಸರು ಕೊಡುತ್ತವೆ. 2021ರ ಮೇ ತಿಂಗಳಲ್ಲಿ ಬಂದ ತೌಕ್ತೆ ಮ್ಯಾನ್ಮಾರ್ ಕೊಟ್ಟ ಹೆಸರು. ಅರ್ಥ ಹಲ್ಲಿ. ನಮ್ಮ ಅಜ್ಜಿ ಇದ್ದಿದ್ದರೆ ಹಲ್ಲಿ ಯಾವ ದಿಕ್ಕಿಗೆ ಲೊಚಗುಟ್ಟಿತು ಅಂತ ಮೊದಲು ಕೇಳಿ ಪಂಚಾಂಗ ತೆಗೆಯುತ್ತಿದ್ದಳು.

ಆ ಹಲ್ಲಿ ಬರುತ್ತದೆ ಅಂತ ಹವಾಮಾನ ಇಲಾಖೆ ದಿನಗಳ ಮೊದಲೇ ಹೇಳಿತ್ತು. ಆದರೂ ಮುಂಬೈ ಆಚೆ ತೈಲ ಬಾವಿಗಳ ಹತ್ತಿರ ಪಿ-305 ಅನ್ನೋ ಬಾರ್ಜ್ (ಚಪ್ಪಟೆ ತಳದ ಹಡಗು) ಲಂಗರು ಹಾಕಿಕೊಂಡು ಅಲ್ಲೇ ನಿಂತಿತ್ತು. ಅದರಲ್ಲಿ 261 ಜನ, ಎಲ್ಲ ಕೂಲಿಗೆ, ಸಂಬಳಕ್ಕೆ ಹೋದವರು. ಲಂಗರು ಕಿತ್ತು ಬಂತು, ಬಾರ್ಜ್ ತೇಲಿಕೊಂಡು ಹೋಗಿ ಮೇ 17ರ ಸಂಜೆ ಮುಳುಗಿತು. 70ಕ್ಕೂ ಹೆಚ್ಚು ಜನ ಸತ್ತರು. ನೌಕಾಪಡೆಯವರು ಆ ಅಲೆಗಳಲ್ಲಿ ಹೋಗಿ ಎತ್ತದಿದ್ದರೆ ಉಳಿದವರೂ ಇರುತ್ತಿರಲಿಲ್ಲ. ಐಸ್‌ಕ್ರೀಂ ತಿನ್ನುವವರಿದ್ದ ಹಡಗನ್ನು ನೂರಾರು ಮೈಲು ಪಕ್ಕಕ್ಕೆ ಒಯ್ಯಲಿಕ್ಕೆ ಆಗುತ್ತದೆ. ಕೆಲಸ ಮಾಡುವವರಿದ್ದ ಬಾರ್ಜನ್ನು ದಡಕ್ಕೆ ತರಲಿಕ್ಕೆ ಆಗುವುದಿಲ್ಲ. ಇದರಲ್ಲಿ ನಗುವಂಥದ್ದು ಏನಾದರೂ ಸಿಗುತ್ತದಾ ಅಂತ ನಾನು ಹುಡುಕಿದೆ. ಸಿಗಲಿಲ್ಲ.

ಮೊನ್ನೆ ಬೈತಖೋಲ ಬಂದರಿನ ಕಡೆ ಹೋಗಿದ್ದೆ. ಬಂದರಿನ ಕಂಬಕ್ಕೆ ಬಿರುಗಾಳಿ ಎಚ್ಚರಿಕೆಯ ಮೂರನೇ ನಂಬರ್ ಸಿಗ್ನಲ್ ಏರಿತ್ತು. ಬೋಟುಗಳು ಒಂದಕ್ಕೊಂದು ಒತ್ತಿ ನಿಂತಿದ್ದವು, ನಡುವೆ ಹಳೆ ಟೈರು. 2019ರಲ್ಲಿ ಕ್ಯಾರ್ ಚಂಡಮಾರುತ ಬಂದಾಗಲಂತೂ ಗೋವಾದ್ದು, ಮಲ್ಪೆಯದ್ದು ಎಲ್ಲ ಇಲ್ಲೇ ಬಂದು ನಿಂತು, ಒಂದು ಬೋಟಿನಿಂದ ಇನ್ನೊಂದಕ್ಕೆ ದಾಟಿಕೊಂಡೇ ದಡಕ್ಕೆ ಬರಬಹುದಿತ್ತು. ಗುರುತಿನ ತಾಂಡೇಲ, ಅಂದರೆ ಬೋಟಿನ ಮುಖ್ಯಸ್ಥ, ಒಬ್ಬರು ಬಲೆ ಹೊಲಿಯುತ್ತ ಕೂತಿದ್ದರು. ಅವರಿಗೆ ಆ ಕುರ್ಚಿ ಜಾರುವ ವಿಡಿಯೋ ತೋರಿಸಿದೆ. ಅವರು ಎರಡು ಸಲ ನೋಡಿದರು. ಭಯವೂ ಇಲ್ಲ, ನಗುವೂ ಇಲ್ಲ.

"ಕುರ್ಚಿ ಯಾಕೆ ಕಟ್ಟಿಡಲಿಲ್ಲ ಮಾಸ್ತರ್ರೆ?"

ನಾನು ಸುಮ್ನಿದ್ದೆ. ಅವರು ಎದ್ದು ತಮ್ಮ ಬೋಟಿನ ಅಡುಗೆ ಜಾಗ ತೋರಿಸಿದರು. ಗ್ಯಾಸ್ ಒಲೆ ಹಗ್ಗದಿಂದ ಕಟ್ಟಿತ್ತು. ಅನ್ನದ ಪಾತ್ರೆಗೆ ಎರಡೂ ಕಡೆ ಕಬ್ಬಿಣದ ಕೊಕ್ಕೆ. ನೀರಿನ ಡ್ರಮ್ಮು, ಮಸಾಲೆ ಡಬ್ಬಿ, ದೇವರ ಫೋಟೊ, ಎಲ್ಲ ಕಟ್ಟಿದ್ದೇ. "ದೇವ್ರನ್ನೂ ಕಟ್ಟಿದ್ದೀರಲ್ಲ" ಅಂದೆ. "ಅವ್ರು ಬಿದ್ರೆ ನಮ್ಮನ್ನು ನೋಡೋದು ಯಾರು?" ಅಂದರು. ಮೂರು ದಿನದಿಂದ ಬೋಟ್ ಇಳಿದಿಲ್ಲ. ಜೂನ್, ಜುಲೈ 61 ದಿನ ಹೇಗೂ ನಿಷೇಧ. ಆಮೇಲೆ ಹೀಗೆ ಸಿಗ್ನಲ್. ಡೀಸೆಲ್ ಸಾಲ, ಐಸ್ ಸಾಲ. ಮುಂದಿನ ಸಲಕ್ಕೆ ಅರ್ಧ ದರ ಅಂತ ಇವರಿಗೆ ಯಾರೂ ಚೀಟಿ ಕೊಟ್ಟಿರಲಿಲ್ಲ.

ಭಾವನ ಹಡಗಿನಲ್ಲಿ ಹೊರಡುವ ಮೊದಲು ಎಲ್ಲರನ್ನೂ ಕರೆದು ಲೈಫ್ ಜಾಕೆಟ್ ಎಲ್ಲಿದೆ, ಹೇಗೆ ಹಾಕೋದು ಅಂತ ಪಾಠ ಮಾಡಿದ್ದರಂತೆ. 2012ರಲ್ಲಿ ಇಟಲಿಯ ದಡದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಮಗುಚಿ 32 ಜನ ಸತ್ತ ಮೇಲೆ ಆ ನಿಯಮ ಇನ್ನೂ ಬಿಗಿಯಾಯಿತು. ಪಾಠ ಕೇಳದೆ ಹಡಗು ಹೊರಡುವುದಿಲ್ಲ. ಭಾವ ಗೊಣಗಿದರು. ಸಣ್ಣ ಮಕ್ಕಳಿಗೆ ಹೇಳಿದಾಂಗೆ ಹೇಳ್ತ ಅಂತ.

ನನಗೆ ಅದು ಕೇಳಿ 2019ರ ಜನವರಿ 21 ನೆನಪಾಯಿತು. ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ. ವಾಪಸ್ ಬರುವ ದೋಣಿ ಮಗುಚಿ 16 ಜನ ಸತ್ತರು, ಮಕ್ಕಳೂ ಇದ್ದರು. ಅವತ್ತು ಹರಿಕೇನ್ ಇರಲಿಲ್ಲ. ಚಂಡಮಾರುತ ಇರಲಿಲ್ಲ. ಯಾವ ಬಣ್ಣದ ಅಲರ್ಟೂ ಇರಲಿಲ್ಲ. ದಡ ಕಾಣುತ್ತಿತ್ತು. ಜನ ಜಾಸ್ತಿ ಹತ್ತಿದ್ದರು, ಜಾಕೆಟ್ ಇರಲಿಲ್ಲ. ಆಮೇಲೆ ಕೆಲವು ದಿನ ಎಲ್ಲರೂ ನಿಯಮ ನಿಯಮ ಅಂದರು. ಈಗಲೂ ನಮ್ಮ ಕರಾವಳಿಯಲ್ಲಿ ಪ್ರವಾಸಿಗಳ ದೋಣಿ ಹತ್ತಿ ನೋಡಿ. ಜಾಕೆಟ್ ಕೊಡುತ್ತಾರೆ. ಬಕಲ್ ಇರುವುದಿಲ್ಲ. ಕೇಳಿದರೆ "ಸುಮ್ನೆ ಹೆಗಲಿಗೆ ಹಾಕ್ಕೊಳ್ಳಿ ಸರ್, ಫೋಟೊಕ್ಕೆ" ಅನ್ನುತ್ತಾರೆ. ನಾವೂ ಹೆಗಲಿಗೆ ಹಾಕಿಕೊಳ್ಳುತ್ತೇವೆ. ಫೋಟೊ ಚೆನ್ನಾಗಿಯೇ ಬರುತ್ತದೆ.

ನಿನ್ನೆ ರಾತ್ರಿ ಭಾವ ಫೋನ್ ಮಾಡಿದರು. ಹರಿಕೇನ್ ಕಥೆ ಅಲ್ಲ, ದೂರು. ನೋಡಬೇಕಾಗಿದ್ದ ದ್ವೀಪ ತಪ್ಪಿ ಹೋತು, ಮೆಕ್ಸಿಕೋಕ್ಕೆ ಕರ್ಕೊಂಡು ಹೋದ, ದುಡ್ಡು ವಾಪಸ್ ಕೊಡು ಹೇಳಿದ್ರೆ ಟಿಕೆಟ್ಟಿನ ಕರಾರು ತೋರಿಸ್ತ. ಅದರಲ್ಲಿ ಸಣ್ಣ ಅಕ್ಷರದಲ್ಲಿ, ಕ್ಯಾಪ್ಟನ್ನಿಗೆ ಬೇಕಾದರೆ ಯಾವ ಬಂದರನ್ನಾದರೂ ಬಿಡಬಹುದು ಅಂತ ಇದೆಯಂತೆ. ಹೋಗದ ಬಂದರಿನ ಫೀಸು ಅಂತ 27 ಡಾಲರ್ ಮಾತ್ರ ಬಂತಂತೆ. ಅದನ್ನು ಅಡಿಕೆ ರೇಟಿಗೆ ಭಾಗಿಸಿ ಲೆಕ್ಕ ಹಾಕಿ ಇನ್ನಷ್ಟು ಬೇಜಾರು ಮಾಡಿಕೊಂಡಿದ್ದರು.

"ನಾಡಿದ್ದು ಗೋವಾದಲ್ಲಿ ಇಳಿತ್ಯ. ಅಲ್ಲಿಂದ ಕಾರು ಮಾಡಿ ಶಿರಸಿಗೆ ಹೋಪದು" ಅಂದರು. ಆಮೇಲೆ ಒಂದು ಕ್ಷಣ ತಡೆದು, ದನಿ ಇಳಿಸಿ ಕೇಳಿದರು. "ಭಾವ, ದೇವಿಮನೆ ಘಟ್ಟ ಓಪನ್ ಇದ್ದಾ?"

"ಇಲ್ಲೆ. ಬಂದ್. ಅರಬೈಲ್ ಹತ್ತಿ ಯಲ್ಲಾಪುರದ ಮೇಲೆ ಸುತ್ತಿ ಹೋಗಕ್ಕು."

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಹರಿಕೇನ್ ಹಿಂದೆ ಬಿಟ್ಟು ಬಂದ ಮನುಷ್ಯ.

"ಬಪ್ಪಾಗ ಒಂದು ಪಟ್ಟಿ ಅವೊಮಿನ್ ತಗಂಡು ಬಾ ಮಾರಾಯಾ" ಅಂದರು.